ಇಲ್ಲದ ಕಟ್ಟಡಕ್ಕಿಂತ ಶೇ. 30 ಉತ್ತಮ

ನಗರದಲ್ಲಿ ನಲವತ್ತು ಅಂತಸ್ತಿನ ಹಸಿರು ಗೋಪುರವೊಂದು ಎದ್ದಿತೆಂದರೆ ಅದರ ಲಾಬಿಯಲ್ಲಿ ಒಂದು ಫಲಕ ಇದ್ದೇ ಇರುತ್ತದೆ: ‘ಈ ಕಟ್ಟಡ ಶೇ. 30ರಷ್ಟು ಕಡಿಮೆ ಇಂಧನ ಬಳಸುತ್ತದೆ.’ ಯಾವುದಕ್ಕಿಂತ ಕಡಿಮೆ ಅಂತ ಕೇಳಿದರೆ ‘ಬೇಸ್‌ಲೈನ್ ಕಟ್ಟಡಕ್ಕಿಂತ’ ಎಂಬ ಉತ್ತರ ಸಿಗುತ್ತದೆ. ಆ ಬೇಸ್‌ಲೈನ್ ಎಲ್ಲಿದೆ, ನೋಡಿ ಬರೋಣ ಅಂತ ಹೊರಟರೆ ದಾರಿ ಸಿಗದು. ಅದು ಕಂಪ್ಯೂಟರಿನೊಳಗೆ ಹುಟ್ಟಿ, ವರದಿಯ ಕೊನೆಯ ಪುಟದಲ್ಲಿ ತೀರಿಕೊಂಡ ಕಟ್ಟಡ. ದಂಡಪಿಂಡವೊಂದು, ಹುಟ್ಟದೇ ಇರುವ ತನ್ನ ಅಣ್ಣನಿಗೆ ತನ್ನನ್ನು ಹೋಲಿಸಿಕೊಂಡು ‘ಅವನಿಗಿಂತ ನಾನು ಎಷ್ಟೋ ವಾಸಿ’ ಅಂದ ಹಾಗೆ.

ಇದರಲ್ಲಿ ಮೋಸವೇನಿಲ್ಲ, ನಿಯಮವೇ ಹಾಗಿದೆ. ಕಟ್ಟಡಗಳ ಇಂಧನ ಬಳಕೆಗೆ ಅಮೆರಿಕದ ಎಂಜಿನಿಯರುಗಳ ಸಂಘ ರೂಪಿಸಿದ ಆಶ್ರೇ 90.1 ಮಾನದಂಡದ ಪ್ರಕಾರ ಹೋಲಿಕೆಯ ಕಟ್ಟಡಕ್ಕೂ ನಿಮ್ಮದರಷ್ಟೇ ಅಂತಸ್ತು, ಅಷ್ಟೇ ಚದರ ಮೀಟರು ಇರಬೇಕು. ಹಾಗಾಗಿ ‘ನಲವತ್ತೇ ಯಾಕೆ, ಎಂಟು ಸಾಲದೆ?’ ಎಂಬ ಪ್ರಶ್ನೆ ಲೆಕ್ಕದ ಹಾಳೆಯೊಳಗೆ ಕಾಲಿಡುವುದೇ ಇಲ್ಲ. ಸಿಮೆಂಟು, ಉಕ್ಕಿನಂಥ ಸಾಮಗ್ರಿ ತಯಾರಿಸುವಾಗಲೇ ಹೊರಬೀಳುವ ಇಂಗಾಲದ ಲೆಕ್ಕ ಇನ್ನೂ ಚೆನ್ನ. ಹಸಿರು ಕಟ್ಟಡಗಳಿಗೆ ಅಂಕ ಕೊಡುವ ಲೀಡ್ ಪದ್ಧತಿಯ ನಾಲ್ಕನೆಯ ಆವೃತ್ತಿಯಲ್ಲಿ ಇಡೀ ಕಟ್ಟಡದ ಜೀವಿತಾವಧಿಯ ಪರಿಣಾಮವನ್ನು ಶೇ. 10 ಇಳಿಸಿ ತೋರಿಸಿದರೆ 3 ಅಂಕ. ಆದರೆ ಯಾವುದರಿಂದ ಇಳಿಸಿದ್ದು ಎಂಬ ಹೋಲಿಕೆಯ ಕಟ್ಟಡವನ್ನು ರೂಪಿಸುವವರು ಅದೇ ವಿನ್ಯಾಸಕಾರರು. ಪ್ರಶ್ನೆಪತ್ರಿಕೆ ಬರೆಯುವವನೇ ಪರೀಕ್ಷೆಗೂ ಕೂರುವುದು. ಹೋಲಿಕೆಯ ಸ್ಲ್ಯಾಬನ್ನು ತುಸು ದಪ್ಪ ಬರೆದುಕೊಂಡರೆ ನಿಜದ ಸ್ಲ್ಯಾಬು ತಾನಾಗಿಯೇ ತೆಳ್ಳಗಾಗುತ್ತದೆ. ಇನ್ನುಳಿದ ಅಂಕಗಳಿಗೆ ಇಷ್ಟೆಲ್ಲ ಬೆವರು ಸುರಿಸಬೇಕಿಲ್ಲ: ಸೈಕಲ್ ನಿಲ್ಲಿಸಲು ಜಾಗ ಮಾಡಿದರೆ 1, ಲೀಡ್ ಪರೀಕ್ಷೆ ಪಾಸಾದ ಒಬ್ಬರನ್ನು ತಂಡದಲ್ಲಿ ಇಟ್ಟುಕೊಂಡರೆ 1. ಒಟ್ಟು 110ರಲ್ಲಿ 80 ಬಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ, ಪ್ಲಾಟಿನಂ.

ಈಗ ಗಾಜಿಗೆ ಬರೋಣ, ಅಂಗೈ ಹುಣ್ಣಿಗೆ ಬೇಡದಿದ್ದರೂ ಹಸಿರು ಗೋಪುರಕ್ಕೆ ಕನ್ನಡಿ ಬೇಕೇ ಬೇಕು. ನಿರೋಧಕ ತುಂಬಿದ ಒಳ್ಳೆಯ ಗೋಡೆ ಒಂದು ಡಿಗ್ರಿ ತಾಪಮಾನದ ವ್ಯತ್ಯಾಸಕ್ಕೆ ಚದರ ಮೀಟರಿಗೆ ಸುಮಾರು 0.25 ವಾಟ್ ಶಾಖ ಬಿಟ್ಟುಕೊಡುತ್ತದೆ. ಎರಡು ಪದರದ ಗಾಜು ಹಾಕಿದ ಕರ್ಟನ್ ವಾಲ್, ಅಂದರೆ ಕಟ್ಟಡದ ಮೈಗೆ ಪರದೆಯಂತೆ ತೂಗುಹಾಕುವ ಗಾಜಿನ ಗೋಡೆ, ಅದರ ಅಲ್ಯೂಮಿನಿಯಂ ಚೌಕಟ್ಟೂ ಸೇರಿ, 1.5ಕ್ಕಿಂತ ಕೆಳಗಿಳಿಯಲು ಒದ್ದಾಡುತ್ತದೆ. ಅಂದರೆ ಆರು ಪಟ್ಟು ಸೋರಿಕೆ. ಕ್ಯಾಟಲಾಗಿನಲ್ಲಿ 1.1 ಅಂತ ಅಚ್ಚಾಗಿರುವುದು ಗಾಜಿನ ನಟ್ಟನಡುವೆ ಅಳೆದ ಅಂಕಿ. ಅಂಚಿನಲ್ಲಿ ಅಳೆಯುವ ಅಭ್ಯಾಸ ಮಾರುವವರಿಗಿಲ್ಲ.

ಬಿಸಿಲಿನ ಬಾಬತ್ತು ಬೇರೆ. ಶಾಖವನ್ನು ಕಾಲುಭಾಗ ಮಾತ್ರ ಒಳಬಿಡುವ ದುಬಾರಿ ಗಾಜನ್ನೇ ಹಾಕಿದಿರಿ ಎನ್ನಿ. ಪಶ್ಚಿಮದ ಮುಖಕ್ಕೆ ಸಂಜೆ ಬಿಸಿಲು ಚದರ ಮೀಟರಿಗೆ 600 ವಾಟ್ ಬಡಿದರೆ 150 ವಾಟ್ ಒಳಗೆ. ಒಂದು ಸಾವಿರ ಚದರ ಮೀಟರ್ ಗಾಜಿಗೆ 150 ಕಿಲೋವಾಟ್. ಎರಡು ಕಿಲೋವಾಟಿನ 75 ರೂಮ್ ಹೀಟರುಗಳನ್ನು ಹಚ್ಚಿಟ್ಟು, ಅವನ್ನು ತಣಿಸಲು ಎ.ಸಿ. ಹಾಕಿ, ಆ ಎ.ಸಿ. ಐದು ಸ್ಟಾರಿನದು ಎಂದು ಬೀಗುವುದಕ್ಕೆ ಸುಸ್ಥಿರ ವಿನ್ಯಾಸ ಎಂದು ಹೆಸರು. ಬಿಸಿಲನ್ನು ಗಾಜಿನ ಹೊರಗೇ ತಡೆಯುವ ಚಜ್ಜ, ಜಾಲಿ, ಅಡ್ಡಪಟ್ಟಿ ಇವೆಲ್ಲ ಹಳೆಯ ಕಾಲದವು, ನುಣುಪು ಕೆಡಿಸುತ್ತವೆ. ಆದ್ದರಿಂದ ಒಳಗೆ ಪರದೆ. ಪರದೆಗೆ ಬಿಸಿಲು ಬೀಳುವ ಹೊತ್ತಿಗೆ ಶಾಖ ಆಗಲೇ ಮನೆಯೊಳಗಿನ ನೆಂಟ. ಪರದೆ ಇಳಿಸಿದ ಮೇಲೆ ಕತ್ತಲು, ಕತ್ತಲಿಗೆ ದೀಪ, ದೀಪಕ್ಕೊಂದು ಸೆನ್ಸರು, ಸೆನ್ಸರಿಗೊಂದು ಅಂಕ.

ನೆಲದಿಂದ ಚಾವಣಿಯವರೆಗೂ ಗಾಜು ಯಾಕೆ ಎಂದರೆ ‘ಹಗಲು ಬೆಳಕಿಗೆ’ ಎನ್ನುತ್ತಾರೆ. ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್. ಅದರ ಕೆಳಗಿನ ಗಾಜು ಮೇಜಿನ ಮೇಲೆ ಬೆಳಕು ತರಲು ಹೆಚ್ಚುಕಡಿಮೆ ನಿಷ್ಪ್ರಯೋಜಕ. ಅದರ ಮೂಲಕ ಬೀದಿಗೆ ಕಾಣುವುದು ಕಸದ ಬುಟ್ಟಿ, ತಿರುಚಿಕೊಂಡ ವೈರು ಮತ್ತು ಉದ್ಯೋಗಿಗಳ ಮೊಣಕಾಲು. ಆ ಪಟ್ಟಿಯಷ್ಟನ್ನು ಗೋಡೆ ಮಾಡಿ, ಒಟ್ಟು ಮುಖದಲ್ಲಿ ಗಾಜನ್ನು ಶೇ. 40ಕ್ಕೆ ನಿಲ್ಲಿಸಿದರೆ ಎ.ಸಿ.ಗೆ ತಣ್ಣೀರು ಒದಗಿಸುವ ಚಿಲ್ಲರ್ ಯಂತ್ರದ ಗಾತ್ರವೇ ಇಳಿಯುತ್ತದೆ. ಗೋಡೆಗೆ ಪತ್ರಿಕಾಗೋಷ್ಠಿ ಮಾಡಲು ಬರುವುದಿಲ್ಲ, ಅದೊಂದೇ ಕೊರತೆ. ಗಾಜಿನಲ್ಲಿ ಕಳೆದದ್ದನ್ನು ದಕ್ಷ ಚಿಲ್ಲರಿನಲ್ಲಿ ಗಳಿಸಿ ಶೇ. 30 ತಲುಪಲು ನಿಯಮದಲ್ಲಿ ದಾರಿಯಿದೆ. ಚಿಲ್ಲರ್ ಬಾಳುವುದು 20–25 ವರ್ಷ, ಗಾಜಿನ ನಡುವಿನ ಸೀಲ್ ಬಿಟ್ಟು ಒಳಗೆ ಮಂಜು ಕಟ್ಟುವುದೂ ಸರಿಸುಮಾರು ಅಷ್ಟೇ ವರ್ಷಕ್ಕೆ. ಕಟ್ಟಡಕ್ಕೆ ಬರೆದ ಆಯಸ್ಸು ಮಾತ್ರ ಅರವತ್ತು.

ಗಾಜನ್ನು ಬಾಗಿಸಿದರೆ ಇನ್ನೂ ಮಜಾ. 2013ರ ಬೇಸಿಗೆಯಲ್ಲಿ ಲಂಡನ್ನಿನ 20 ಫೆನ್‌ಚರ್ಚ್ ಸ್ಟ್ರೀಟ್ ಗೋಪುರದ ಒಳಬಾಗಿದ ಮುಖ ಬಿಸಿಲನ್ನು ಬೀದಿಯ ಒಂದು ಬಿಂದುವಿಗೆ ಕೂಡಿಸಿ, ಅಲ್ಲಿ ನಿಲ್ಲಿಸಿದ್ದ ಜಾಗ್ವಾರ್ ಕಾರಿನ ಕನ್ನಡಿ, ಬಿಡಿಭಾಗಗಳನ್ನು ಕರಗಿಸಿತು. ಮರುವರ್ಷ ದಕ್ಷಿಣದ ಮುಖಕ್ಕೆ ಅಡ್ಡಪಟ್ಟಿಗಳನ್ನು ಕೂಡಿಸಿದರು. ಚಜ್ಜ ಹಳೆಯ ಕಾಲದ್ದು ಅಂದೆವಲ್ಲ, ಅದೇ.

ಕಾಂಕ್ರೀಟಿನ ಕಥೆಯಲ್ಲಿ ಖಳನಾಯಕನನ್ನು ಹುಡುಕುವವರು ಸಾಮಾನ್ಯವಾಗಿ ಸಿಮೆಂಟಿನ ಮೇಲೆ ಬೆರಳು ತೋರುತ್ತಾರೆ. ತಪ್ಪೇನಲ್ಲ. ಒಂದು ಟನ್ ಸಾದಾ ಸಿಮೆಂಟಿಗೆ ಸುಮಾರು 0.8ರಿಂದ 0.9 ಟನ್ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸುಣ್ಣದ ಕಲ್ಲಿನ ಹೊಟ್ಟೆಯಿಂದಲೇ ಬರುವುದು, ಗೂಡಿಗೆ ಸೌದೆ ಬದಲಿಸಿದರೂ ಅದು ಬದಲಾಗದು. ಆದರೆ ಸ್ಲ್ಯಾಬ್ ಎಷ್ಟು ದಪ್ಪ ಎಂದು ತೀರ್ಮಾನಿಸುವವನು ಸಿಮೆಂಟಿನವನಲ್ಲ, ಕಾರಿನವನು. ನೆಲಮಾಳಿಗೆಯಲ್ಲಿ ಎರಡು ಕಂಬಗಳ ನಡುವೆ ಮೂರು ಕಾರು ನಿಲ್ಲಬೇಕು, ಅದಕ್ಕೆ ಕಂಬದಿಂದ ಕಂಬಕ್ಕೆ 8.4 ಮೀಟರ್. ಆ ಅಳತೆ ಕೆಳಗಿನಿಂದ ನೆತ್ತಿಯವರೆಗೂ ಹಾಗೆಯೇ ಏರುತ್ತದೆ. ಸಾದಾ ಫ್ಲ್ಯಾಟ್ ಸ್ಲ್ಯಾಬಿಗೆ ಹರವಿನ ಮೂವತ್ತನೆಯ ಒಂದು ಭಾಗ ದಪ್ಪ ಎಂದು ಒರಟು ಲೆಕ್ಕ ಹಿಡಿದರೆ 28 ಸೆಂಟಿಮೀಟರ್. ಕಂಬಗಳನ್ನು 7 ಮೀಟರಿಗೆ ತಂದಿದ್ದರೆ 23 ಸಾಕಿತ್ತು. ಐದು ಸೆಂಟಿಮೀಟರ್ ಏನು ಮಹಾ? 40,000 ಚದರ ಮೀಟರಿಗೆ ಅದು 2,000 ಘನ ಮೀಟರ್ ಕಾಂಕ್ರೀಟು, ಆರು ಘನ ಮೀಟರ್ ಹಿಡಿಸುವ ಮಿಕ್ಸರ್ ಲಾರಿ ಮುನ್ನೂರಕ್ಕೂ ಹೆಚ್ಚು ಸಲ ಬರಬೇಕು. ಘನ ಮೀಟರಿಗೆ 300 ಕೆಜಿಯಂತೆ 600 ಟನ್ ಇಂಗಾಲದ ಡೈ ಆಕ್ಸೈಡ್, ಕಂಬಿಯನ್ನು ಎಣಿಸದೆ. ಆ ನೆಲಮಾಳಿಗೆಯಲ್ಲೇ ನಾಲ್ಕು ಚಾರ್ಜಿಂಗ್ ಪಾಯಿಂಟು ಹಾಕಿ ಹಸಿರು ಬಣ್ಣದಲ್ಲಿ ಎಲೆ ಬರೆಸುತ್ತಾರೆ.

ಸಿಮೆಂಟಿನ ಅರ್ಧದ ಬದಲು ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಇಲ್ಲವೇ ಕಲ್ಲಿದ್ದಲಿನ ಹಾರುಬೂದಿ ಬೆರೆಸುತ್ತೇವೆ ಎಂದು ಟೆಂಡರಿನಲ್ಲಿ ಬರೆದಿರುತ್ತದೆ. ಬೆರೆಸಬಹುದು, ಒಳ್ಳೆಯದೇ. ತೊಂದರೆಯೆಂದರೆ ಆ ಮಿಶ್ರಣ ನಿಧಾನಕ್ಕೆ ಗಟ್ಟಿಯಾಗುತ್ತದೆ, ಗುತ್ತಿಗೆದಾರ ಮಾತ್ರ ನಾಲ್ಕೈದು ದಿನಕ್ಕೊಂದು ಅಂತಸ್ತು ಎಂದು ಸಹಿ ಹಾಕಿರುತ್ತಾನೆ. ಮೂರು ನಾಲ್ಕನೆಯ ದಿನಕ್ಕೇ ಸ್ಲ್ಯಾಬಿನೊಳಗಿನ ಉಕ್ಕಿನ ಕೇಬಲ್ ಬಿಗಿದು ಸೆಂಟ್ರಿಂಗ್ ಬಿಚ್ಚಲು 20–25 ಮೆಗಾಪ್ಯಾಸ್ಕಲ್ ಬಲ ಬೇಕು. ಆರನೆಯ ಅಂತಸ್ತಿನಲ್ಲಿ ಕಾಂಕ್ರೀಟಿನ ಬಲ ಅಳೆಯುವ ಕ್ಯೂಬ್ ಟೆಸ್ಟ್ ಒಮ್ಮೆ ಕೈಕೊಟ್ಟಿತೆಂದರೆ ಏಳನೆಯದರಿಂದ ಸ್ಲ್ಯಾಗ್ ಸದ್ದಿಲ್ಲದೆ ಇಳಿದು, ಸಿಮೆಂಟು ಏರುತ್ತದೆ. ಕಂಬ, ಗೋಡೆಗಳಿಗೆ 28 ದಿನದ ಬದಲು 56 ದಿನದ ಬಲವನ್ನು ಒಪ್ಪಿಕೊಂಡರೆ ಎಷ್ಟೋ ಸಿಮೆಂಟು ಉಳಿಯುತ್ತದೆ, ಏಕೆಂದರೆ ಕೆಳಗಿನ ಕಂಬದ ಮೇಲೆ ಪೂರ್ತಿ ಭಾರ ಬೀಳುವುದು ಎಷ್ಟೋ ತಿಂಗಳ ನಂತರ. ಆದರೆ ನಮೂನೆಯಲ್ಲಿ 28 ಎಂದೇ ಮುದ್ರಿಸಿದೆಯಲ್ಲ.

ತಳಪಾಯದ ರಾಫ್ಟ್‌ನಲ್ಲಿ, ಅಂದರೆ ಇಡೀ ಕಟ್ಟಡದಡಿ ಹಾಸುವ ದಪ್ಪ ಕಾಂಕ್ರೀಟ್ ಹಾಸಿನಲ್ಲಿ, ಮಾತ್ರ ಸ್ಲ್ಯಾಗ್ ಧಾರಾಳ. ಮೂರು ಮೀಟರ್ ದಪ್ಪದ ಕಾಂಕ್ರೀಟು ಒಳಗೊಳಗೇ ಕಾಯುತ್ತದೆ. ಶಾಖ 70 ಡಿಗ್ರಿ ದಾಟಿದರೆ ಮುಂದೆ ಒಳಗಿನಿಂದ ಉಬ್ಬಿ ಬಿರುಕು ಬಿಡುವ ಭಯ, ಒಳಗೂ ಹೊರಗೂ 20 ಡಿಗ್ರಿಗಿಂತ ಹೆಚ್ಚು ಅಂತರವಾದರೆ ಕೂಡಲೇ ಬಿರುಕು. ಆ ಕಾವು ತಗ್ಗಿಸಲು ಸ್ಲ್ಯಾಗ್ ಹಾಕದೆ ವಿಧಿಯಿಲ್ಲ, ಹಸಿರಿನ ಮಾತು ಹುಟ್ಟುವ ಮೊದಲೂ ಹಾಕುತ್ತಿದ್ದರು. ಈಗ ಅದನ್ನೇ ಪರಿಸರ ಕಾಳಜಿ ಎಂದು ವರದಿಯಲ್ಲಿ ಸೇರಿಸುತ್ತಾರೆ. ಜ್ವರಕ್ಕೆ ಗಂಜಿ ಕುಡಿದವನು ಉಪವಾಸದ ಪುಣ್ಯವನ್ನೂ ಲೆಕ್ಕಕ್ಕೆ ಬರೆಸಿದ ಹಾಗೆ.

ಎತ್ತರಕ್ಕೂ ಅದರದೇ ಆದ ಕಂದಾಯವಿದೆ. ಮೇಲೆ ಹೋದಷ್ಟೂ ಗಾಳಿಯೊಂದಿಗಿನ ಕುಸ್ತಿಗೆ ಕೆಳಗಿನ ಗೋಡೆ, ಕಂಬ ದಪ್ಪಗಾಗುತ್ತವೆ, ಲಿಫ್ಟು ಹೆಚ್ಚಾಗುತ್ತದೆ, ಬಳಸುವ ಜಾಗ ಕುಗ್ಗುತ್ತದೆ. ಒಂದು ಘನ ಮೀಟರ್ ನೀರನ್ನು 300 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ. 60 ಎಂದರೆ, 1.4 ಯೂನಿಟ್ ವಿದ್ಯುತ್ ಬೇಕು. ಆ ನೀರಿನ ನಲ್ಲಿಯ ಪಕ್ಕದಲ್ಲೇ ‘ನೀರು ಉಳಿಸಿ’ ಎಂಬ ಸ್ಟಿಕ್ಕರು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಸಂಶೋಧಕರು ಬ್ರಿಟನ್ನಿನ ಕಚೇರಿ ಕಟ್ಟಡಗಳ ಮೀಟರುಗಳನ್ನೇ ಓದಿ ನೋಡಿದಾಗ, 20 ಅಂತಸ್ತು ದಾಟಿದವು ಆರು ಅಂತಸ್ತಿನೊಳಗಿನವುಗಳಿಗಿಂತ ಚದರ ಮೀಟರಿಗೆ ಹತ್ತಿರಹತ್ತಿರ ಎರಡೂವರೆ ಪಟ್ಟು ವಿದ್ಯುತ್ ನುಂಗುತ್ತಿದ್ದವು. ಮೀಟರ್ ಓದುವುದು ಒಂದು ಅಶಿಸ್ತು. ಫಲಕ ಕೊಡುವುದು ಕಂಪ್ಯೂಟರಿನ ಅಂದಾಜಿಗೆ. ಅಂದಾಜಿನಲ್ಲಿ ಎಲ್ಲರೂ ಸಂಜೆ ದೀಪ ಆರಿಸಿ ಹೋಗುವ ಸಭ್ಯರು.

632 ಮೀಟರಿನ ಶಾಂಘೈ ಟವರನ್ನು 120 ಡಿಗ್ರಿ ತಿರುಚಿದ್ದರಿಂದ ಗಾಳಿಯ ಹೊರೆ ಶೇ. 24 ತಗ್ಗಿತಂತೆ. ಜಾಣತನ ನಿಜವೇ, ಒಪ್ಪಬೇಕು. ಅಷ್ಟೆತ್ತರ ಹತ್ತದೇ ಇದ್ದಿದ್ದರೆ ಎಷ್ಟು ತಗ್ಗುತ್ತಿತ್ತು ಎಂಬ ಅಂಕಿ ಯಾವ ಕರಪತ್ರದಲ್ಲೂ ಬರುವುದಿಲ್ಲ. ದುಬೈನ ಬುರ್ಜ್ ಖಲೀಫಾದ 828 ಮೀಟರಿನಲ್ಲಿ ಮೇಲಿನ 244 ಮೀಟರಿನಲ್ಲಿ ಯಾರೂ ವಾಸವಿಲ್ಲ. ಎತ್ತರದ ಕಟ್ಟಡಗಳ ದಾಖಲೆ ಇಡುವ ಸಂಸ್ಥೆಯೇ 2013ರಲ್ಲಿ ಇದಕ್ಕೆ ‘ಜಂಭದ ಎತ್ತರ’ ಎಂಬರ್ಥದ ಹೆಸರಿಟ್ಟಿತು. ಜುಟ್ಟಿಗೆ ಮಲ್ಲಿಗೆ ಹೂವು ಅಂತ ನಾವು ಮೊದಲೇ ಹೇಳಿದ್ದೆವು.

ಜುಟ್ಟೆಂದ ಮೇಲೆ ಚಾವಣಿ. ನಲವತ್ತು ಅಂತಸ್ತಿಗೆ ಸಿಗುವುದು ಒಂದೇ ಚಾವಣಿ, ಸಾವಿರ ಚದರ ಮೀಟರ್. ಕೂಲಿಂಗ್ ಟವರು, ಲಿಫ್ಟ್ ಯಂತ್ರ, ಗಾಜು ಒರೆಸುವ ತೊಟ್ಟಿಲಿನ ಹಳಿ ಇವೆಲ್ಲ ಕೂತ ಮೇಲೆ ಅರ್ಧ ಉಳಿದರೆ ಪುಣ್ಯ. 500 ಚದರ ಮೀಟರಿನಲ್ಲಿ 100 ಕಿಲೋವಾಟ್ ಸೋಲಾರ್, ಒಳ್ಳೆಯ ಬಿಸಿಲಿನ ಊರಲ್ಲಿ ವರ್ಷಕ್ಕೆ ಒಂದೂವರೆ ಲಕ್ಷ ಯೂನಿಟ್. ಕೆಳಗಿನ 40,000 ಚದರ ಮೀಟರ್, ಮಿತವಾಗಿ ಚದರ ಮೀಟರಿಗೆ ವರ್ಷಕ್ಕೆ 150 ಯೂನಿಟ್‌ನಂತೆ ಹಿಡಿದರೂ, 60 ಲಕ್ಷ ಯೂನಿಟ್ ಕೇಳುತ್ತದೆ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಗಾಳಿಯಂತ್ರವೋ? ಲಂಡನ್ನಿನ ಸ್ಟ್ರಾಟಾ ಗೋಪುರದ ನೆತ್ತಿಯಲ್ಲಿ 2010ರಲ್ಲಿ ಮೂರು ಕೂರಿಸಿ, ಕಟ್ಟಡದ ಶೇ. 8 ಇಂಧನ ಅವುಗಳದ್ದೇ ಎಂದರು. ಅವು ತಿರುಗಿದ್ದನ್ನು ಕಂಡವರು ವಿರಳ. ಗಾಳಿಯ ವೇಗ ಅರ್ಧಕ್ಕಿಳಿದರೆ ಶಕ್ತಿ ಎಂಟನೆಯ ಒಂದಕ್ಕೆ ಇಳಿಯುತ್ತದೆ, ಕಟ್ಟಡದ ಅಂಚಿನಲ್ಲಿ ಗಾಳಿ ಸುಳಿಸುಳಿಯಾಗಿ ಒದೆಯುತ್ತದೆ, ತಿರುಗಿದರೆ ಕೆಳಗಿನ ಮನೆಯವರಿಗೆ ಗುಯ್‌ಗುಡುವ ಸದ್ದು. ನಿಂತ ಗಾಳಿಯಂತ್ರ ಫೋಟೋದಲ್ಲಿ ತಿರುಗುತ್ತಿರುವ ಹಾಗೇ ಕಾಣುವುದು ಅದೃಷ್ಟ.

ಇನ್ನು ಬಾಲ್ಕನಿಯ ಕಾಡು. ಇಟಲಿಯ ಮಿಲಾನಿನ ಬೋಸ್ಕೋ ವರ್ಟಿಕಾಲೆ ಎಂಬ ವಸತಿ ಗೋಪುರ 2014ರಲ್ಲಿ ಸುಮಾರು 800 ಮರಗಳೊಂದಿಗೆ ಮುಗಿಯಿತು. ಅಲ್ಲಿ ಮರಗಳನ್ನು ಗಾಳಿಸುರಂಗದಲ್ಲಿಟ್ಟು ಪರೀಕ್ಷಿಸಿ, ಉಕ್ಕಿನ ಹಗ್ಗದಿಂದ ಕಟ್ಟಿ, ಹಗ್ಗ ಹಿಡಿದು ಇಳಿಯುವ ಮಾಲಿಗಳನ್ನು ನೇಮಿಸಿದ್ದಾರೆ. ನಕಲು ಮಾಡುವವರು ಚಿತ್ರವನ್ನು ಮಾತ್ರ ನಕಲು ಮಾಡುತ್ತಾರೆ. ಚೀನಾದ ಚೆಂಗ್ಡುವಿನ ಇಂಥದೊಂದು ಕಾಡುಮನೆಯಲ್ಲಿ 826 ಫ್ಲ್ಯಾಟು ಮಾರಾಟವಾಗಿ, 2020ರಲ್ಲಿ ವಾಸಕ್ಕೆ ಬಂದಿದ್ದ ಕುಟುಂಬಗಳು ಹತ್ತರ ಆಸುಪಾಸು. ಉಳಿದ ಜಾಗ ಬಳ್ಳಿಗಳದು, ಸೊಳ್ಳೆಗಳದು. ನೆನೆದ ಮಣ್ಣು ಘನ ಮೀಟರಿಗೆ 1,600ರಿಂದ 2,000 ಕೆಜಿ ತೂಗುತ್ತದೆ. ಅದನ್ನು ಗೋಡೆಯಾಚೆ ಚಾಚಿದ ಸ್ಲ್ಯಾಬಿನ ತುದಿಯಲ್ಲಿ ಹೊರಲು, ಮರಕ್ಕೆ ನಾಲ್ಕೇ ಘನ ಮೀಟರ್ ಹೆಚ್ಚುವರಿ ಕಾಂಕ್ರೀಟು ಎಂದುಕೊಂಡರೂ, 1,200 ಕೆಜಿ ಇಂಗಾಲದ ಡೈ ಆಕ್ಸೈಡ್. ಕುಂಡದ ಮರ ವರ್ಷಕ್ಕೆ 10 ಕೆಜಿ ಹೀರಿತು ಅಂತ ಉದಾರವಾಗಿ ಬರೆದುಕೊಂಡರೆ ತನ್ನ ಕುಂಡದ ಸಾಲ ತೀರಿಸಲು ಅದಕ್ಕೆ 120 ವರ್ಷ. ಅಷ್ಟರಲ್ಲಿ ಬೇರು ಜಲನಿರೋಧಕ ಪದರವನ್ನು ಸೀಳಿ ಕೆಳಗಿನ ಮನೆಯ ಚಾವಣಿಗೆ ಇಳಿದಿರುತ್ತದೆ. ನೆಲದಲ್ಲಿ ನೆಟ್ಟ ಮರಕ್ಕೆ ಸ್ಲ್ಯಾಬ್ ಬೇಕಿಲ್ಲ. ಆದರೆ ಆ ಜಾಗ ಪಾರ್ಕಿಂಗಿನ ಇಳಿಜಾರಿಗೆ ಹೋಗಿದೆ.

ಕಾಂಕ್ರೀಟೇ ಬೇಡ, ಕಟ್ಟಿಗೆಯಲ್ಲೇ ಗೋಪುರ ಕಟ್ಟೋಣ ಎನ್ನುವವರೂ ಇದ್ದಾರೆ. ನಾರ್ವೆಯ ಮ್ಯೋಸ್ಟೋರ್ನೆಟ್ 85.4 ಮೀಟರ್, 2019ರಲ್ಲಿ ಮುಗಿದದ್ದು. ಕಟ್ಟಿಗೆಯ ದೊಡ್ಡ ಗುಣ ಹಗುರ. ಹಗುರವಾದ್ದರಿಂದ ಗಾಳಿಗೆ ಓಲಾಡುತ್ತದೆಂದು ಅದರ ಮೇಲಿನ ಏಳು ಅಂತಸ್ತಿಗೆ ಕಾಂಕ್ರೀಟ್ ನೆಲ ಹಾಕಿದರು. ಹತ್ತು ಅಂತಸ್ತಿಗೆ ನಿಂತಿದ್ದರೆ ಆ ಭಾರವೇ ಬೇಡವಾಗಿತ್ತೇನೋ, ಆದರೆ ಹತ್ತು ಅಂತಸ್ತಿಗೆ ದಾಖಲೆ ಯಾರು ಕೊಡುತ್ತಾರೆ?

ಇಷ್ಟೆಲ್ಲ ಅಂಕಗಳ ತುತ್ತತುದಿಯನ್ನು ನೋಡಬೇಕೆಂದರೆ ನ್ಯೂಯಾರ್ಕಿನ 270 ಪಾರ್ಕ್ ಅವೆನ್ಯೂ ಎಂಬ ವಿಳಾಸಕ್ಕೆ ಹೋಗಬೇಕು. 1960ರಲ್ಲಿ ಮುಗಿದ 52 ಅಂತಸ್ತಿನ ಉಕ್ಕಿನ ಗೋಪುರ ಅಲ್ಲಿತ್ತು. 2010ರ ದಶಕದ ಆರಂಭದಲ್ಲಿ ಅದನ್ನು ಒಳಗೆಲ್ಲ ಬಿಚ್ಚಿ ನವೀಕರಿಸಿ, ಲೀಡ್ ಪ್ಲಾಟಿನಂ ಪಡೆದರು. 2019ರಲ್ಲಿ ಕೆಡವಲು ಶುರುಮಾಡಿ 2021ರಲ್ಲಿ ನೆಲಸಮ ಮಾಡಿದರು. ಮಾಲೀಕರೇ ಬೇಕೆಂದು ಕೆಡವಿಸಿದ ಕಟ್ಟಡಗಳಲ್ಲಿ ಆವರೆಗೆ ಅಷ್ಟೆತ್ತರದ್ದು ಇನ್ನೊಂದಿರಲಿಲ್ಲ. ಅದೇ ಜಾಗದಲ್ಲಿ ಈಗ 423 ಮೀಟರಿನ ಹೊಸ ಗೋಪುರ, ಪೂರ್ತಿ ವಿದ್ಯುತ್ತಿನಲ್ಲೇ ನಡೆಯುವ, ನಿವ್ವಳ ಶೂನ್ಯ ಹೊಗೆಯ ಹಸಿರು ಕಟ್ಟಡ ಎಂಬ ಬಿರುದಿನೊಂದಿಗೆ. ಹಳೆಯ ಕಟ್ಟಡದ ಸಾಮಗ್ರಿಯಲ್ಲಿ ಶೇ. 97ರಷ್ಟನ್ನು ಮರುಬಳಕೆಗೋ ಮರುಸಂಸ್ಕರಣೆಗೋ ಕಳಿಸಿದ್ದೇವೆ ಎಂದು ಹೇಳಿಕೊಂಡಿದ್ದಾರೆ. ಆ ಪ್ಲಾಟಿನಂ ಫಲಕ 97ರಲ್ಲಿ ಸೇರಿತೋ, ಉಳಿದ ಮೂರರಲ್ಲೋ?