ಒಂದೇ ಗೇರಲ್ಲಿ ಬೆಟ್ಟ ಹತ್ತೋದರ ಬಗ್ಗೆ, ಸ್ವಲ್ಪ ಜಗಳದ ಧಾಟೀಲಿ

ಸಿಂಗಲ್ ಸ್ಪೀಡ್ ಮೌಂಟನ್ ಬೈಕ್ ಅಂದ ತಕ್ಷಣ ಕೆಲವರು ‘ಸರಳ ಜೀವನ’ ಅಂತ ಪ್ರವಚನ ಶುರು ಮಾಡ್ತಾರಲ್ಲ, ಅದು ನಂಗೆ ಆಗಿಬರಲ್ಲ. ಗೇರ್ ಇಲ್ಲ, ಕೇಬಲ್ ಇಲ್ಲ, ತಲೆಬಿಸಿ ಇಲ್ಲ, ಮನಸ್ಸು ಹಗುರ ಆಗುತ್ತೆ ಅಂತೆ. ಮನಸ್ಸಿನ ಕಥೆ ಗೊತ್ತಿಲ್ಲ ಮಾರಾಯ್ರೆ, ಮೊಣಕಾಲಂತೂ ಹಗುರ ಆಗಲ್ಲ. ಸಾವಿರಾರು ಡಾಲರ್ ಕೊಟ್ಟು ಟೈಟಾನಿಯಂ ಫ್ರೇಮ್ ತಗೊಂಡು, ಅದಕ್ಕೊಂದು ಕಾರ್ಬನ್ ಫೋರ್ಕ್ ಹಾಕ್ಕೊಂಡು, ಪಾರ್ಕಿಂಗ್ ಲಾಟಲ್ಲಿ ನಿಂತು ಸರಳತೆ ಬಗ್ಗೆ ಮಾತಾಡೋರನ್ನ ಎಷ್ಟು ಜನಾನ ನೋಡಿದೀನಿ. ನಾನೂ ಒಂದೇ ಗೇರಿನ ಸೈಕಲ್ಲಲ್ಲೇ ಕಾಡು ಬೆಟ್ಟ ಸುತ್ತೋನು, ಅದನ್ನ ಬಿಡೋ ಯೋಚನೇನೂ ಇಲ್ಲ, ಆದ್ರೆ ನನ್ನ ಕಾರಣ ಬೇರೆ. ಒಂದೇ ಗೇರ್ ಇದ್ರೆ ಹೋಗೋ ಬೆಟ್ಟ ಎಂಥದ್ದು ಅಂತ ಮನೇಲೇ ಯೋಚಿಸಿರ್ಬೇಕು, ಆಮೇಲೆ ಎಲ್ಲಿ ಆಗಲ್ವೋ ಅಲ್ಲಿ ನಾಚಿಕೆ ಬಿಟ್ಟು ಇಳಿದು ತಳ್ಬೇಕು. ನನಗೆ ಬೇಕಾಗಿರೋದು ಈ ಎರಡೇ, ಮಿಕ್ಕಿದ್ದೆಲ್ಲ ಮಾರ್ಕೆಟಿಂಗು.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದಲ್ಲಿರೋ ನಮ್ಮೋರಿಗೆ ಒಂದು ತಮಾಷೆ ವಿಷಯ ಹೇಳ್ತೀನಿ. ಮೌಂಟನ್ ಬೈಕ್ ಹುಟ್ಟಿದ್ದು ಗೋಲ್ಡನ್ ಗೇಟ್ ಆಚೆಗಿರೋ ಮರೀನ್ ಕೌಂಟೀಲಿ ಅಂತ ಎಲ್ಲಾ ಕಡೆ ಬರೀತಾರೆ, ಆದ್ರೆ ದಪ್ಪ ಟೈರಿನ ಹಳೇ ಸೈಕಲ್ಲಿಗೆ ಡಿರೈಲರ್ ಗೇರ್ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋದು) ಕಟ್ಕೊಂಡು ಬಂದು ಮರೀನ್ ಹುಡುಗರ ಕಣ್ಣಿಗೆ ಬಿದ್ದೋರು ಯಾರು ಗೊತ್ತಾ, ಕುಪರ್ಟಿನೋ ಕಡೆಯೋರು! ಹೌದು, ಅದೇ ನಮ್ಮ ಕುಪರ್ಟಿನೋ, ಈಗ ಅಂಗಡೀಲಿ ನಿಂತ್ರೆ ಪಕ್ಕದಲ್ಲಿ ಕನ್ನಡ ಕೇಳಿಸುತ್ತಲ್ಲ, ಆ ಊರು. ಮಾರೋ ಡರ್ಟ್ ಕ್ಲಬ್ ಅಂತ ಅವರ ಗುಂಪಿನ ಹೆಸರು, 1974ರ ಡಿಸೆಂಬರಲ್ಲಿ ಮರೀನ್‌ನ ಮಿಲ್ ವ್ಯಾಲೀಲಿ ನಡೆದ ಸೈಕ್ಲೋಕ್ರಾಸ್ ರೇಸಿಗೆ, ಅಂದ್ರೆ ಮಣ್ಣು ಕೆಸರಲ್ಲಿ ಓಡಿಸೋ ರೇಸಿಗೆ, ಆ ಸೈಕಲ್ ತಗೊಂಡು ಬಂದಿದ್ರು. ಅಲ್ಲೀವರೆಗೂ ಮರೀನ್ ಬೆಟ್ಟಗಳಲ್ಲಿ ಓಡ್ತಿದ್ದಿದ್ದು ಹೆಚ್ಚಾಗಿ 1930–40ರ ದಶಕದ ಶ್ವಿನ್ ಕಂಪನಿ ಥರದ ಭಾರೀ ಸೈಕಲ್ಲುಗಳು, ಒಂದೇ ಗೇರು, ಪೆಡ್ಲು ಹಿಂದಕ್ಕೆ ತುಳಿದ್ರೆ ಬ್ರೇಕು. ಅಂದ್ರೆ ಮೌಂಟನ್ ಬೈಕ್ ಹುಟ್ಟಿದ್ದೇ ಸಿಂಗಲ್ ಸ್ಪೀಡ್ ಆಗಿ, ಗೇರ್ ಆಮೇಲೆ ಬಂದ ನೆಂಟ.

ಆ ಹಿಂದಕ್ಕೆ ತುಳಿಯೋ ಬ್ರೇಕಿನ ಪಾಡು ನೋಡ್ಬೇಕು ಅಂದ್ರೆ ಫೇರ್‌ಫ್ಯಾಕ್ಸ್ ಪಕ್ಕದ ರೀಪ್ಯಾಕ್ ರಸ್ತೆಗೆ ಹೋಗಿ. ಎರಡು ಮೈಲಿ ಒಳಗೆ ಸುಮಾರು 1,300 ಅಡಿ ಇಳಿಯುತ್ತೆ. 1976ರ ಅಕ್ಟೋಬರ್ 21ಕ್ಕೆ ಅಲ್ಲಿ ಮೊದಲನೇ ರೇಸು, ಒಬ್ಬೊಬ್ಬರನ್ನೇ ಬಿಟ್ಟು ಟೈಮ್ ನೋಡೋದು. ಒಂದು ಸಲ ಇಳಿದ್ರೆ ಹಿಂದಿನ ಚಕ್ರದ ನಡುವಿನ ಹಬ್ ಒಳಗಿನ ಗ್ರೀಸು ಸುಟ್ಟು ಹೊಗೆಯಾಗಿ ಹೋಗ್ತಿತ್ತು, ಮತ್ತೆ ಬಿಚ್ಚಿ ಹೊಸ ಗ್ರೀಸ್ ತುಂಬ್ಬೇಕು, ಅದಕ್ಕೇ ಆ ಹೆಸರು. ಗ್ಯಾರಿ ಫಿಶರ್ 4 ನಿಮಿಷ 22 ಸೆಕೆಂಡಲ್ಲಿ ಇಳಿದಿದ್ದೇ ದಾಖಲೆ, ಜೋ ಬ್ರೀಜ್ ಎರಡೇ ಸೆಕೆಂಡ್ ಹಿಂದೆ. ಈಗ ಆ ಕಡೆಯ ವಾಟರ್‌ಶೆಡ್ (ಕುಡಿಯೋ ನೀರಿನ ಕೆರೆಗಳ ಸುತ್ತಿನ ಕಾಡು) ರಸ್ತೆಗಳಲ್ಲಿ ಸೈಕಲ್ಲಿಗೆ ಗಂಟೆಗೆ 15 ಮೈಲಿ ಮಿತಿ, ಕಾಣದ ತಿರುವಲ್ಲಿ 5 ಮೈಲಿ, ರೇಂಜರ್ ರಡಾರ್ ಹಿಡ್ಕೊಂಡು ನಿಂತಿರ್ತಾರೆ. ಮೌಂಟನ್ ಬೈಕ್ ಹುಟ್ಟಿದ ಊರಲ್ಲೇ ಒಳ್ಳೆ ಕಾಲುದಾರಿಗಳಲ್ಲಿ ಹೆಚ್ಚಿನವಕ್ಕೆ ಸೈಕಲ್ ಬಿಡಲ್ಲ ಅನ್ನೋದು ಇನ್ನೊಂದು ದೊಡ್ಡ ಜಗಳ, ಅದು ಇವತ್ತು ಬೇಡ. ಆದ್ರೆ ಈ ಮಿತಿ ನಮ್ಮಂಥೋರಿಗೆ ವರ. ಎಲ್ಲರೂ 15ರಲ್ಲೇ ಇರ್ಬೇಕು ಅಂದ್ಮೇಲೆ 12 ಗೇರ್ ಇಟ್ಕೊಂಡು ಯಾವ ಸಾಮ್ರಾಜ್ಯ ಗೆಲ್ಲೋದಿದೆ?

ಲೆಕ್ಕಾನೂ ಹೇಳ್ಬಿಡ್ತೀನಿ. ನನ್ನ ಸೈಕಲ್ 29 ಇಂಚಿನ ಚಕ್ರ, ಚೈನ್ ಕೂರೋ ಹಲ್ಲುಚಕ್ರಕ್ಕೆ ಮುಂದೆ 32 ಹಲ್ಲು, ಹಿಂದೆ 20. ಪೆಡ್ಲು ಒಂದು ಸುತ್ತು ಬಂದ್ರೆ ಸೈಕಲ್ 3.7 ಮೀಟರ್ ಮುಂದೆ ಹೋಗುತ್ತೆ. 15 ಮೈಲಿ ಅಂದ್ರೆ 24 ಕಿಲೋಮೀಟರ್ ವೇಗ ಮುಟ್ಬೇಕು ಅಂದ್ರೆ ನಿಮಿಷಕ್ಕೆ ಸುಮಾರು 108 ಸಲ ತುಳೀಬೇಕು, ಅಷ್ಟೋತ್ತರ ಪೂರ್ತಿ ಆಯ್ತು ನೋಡಿ. ಅದಕ್ಕಿಂತ ಜೋರಾಗಿ ಸಮತಟ್ಟಲ್ಲಿ ಹೋಗೋಕೆ ಆಗಲ್ಲ, ಹೋಗೋದೂ ಬೇಡ. 26 ಇಂಚಿನ ಚಕ್ರದ ಕಾಲದಲ್ಲಿ ಎಲ್ಲರೂ 32ಕ್ಕೆ 16 ಹಾಕೋರು, ಅಂದ್ರೆ ಒಂದಕ್ಕೆ ಎರಡು, ಅದೇ ರೂಢಿ ಆಗಿತ್ತು. ಚಕ್ರ ದೊಡ್ಡದಾದ ಮೇಲೆ ಹಿಂದಿನ ಹಲ್ಲು 18, 19, 20ಕ್ಕೆ ಬಂತು. ಇದರಲ್ಲಿ ‘ಸರಿಯಾದ ಗೇರ್’ ಅನ್ನೋದು ಇಲ್ವೇ ಇಲ್ಲ, ಏರಲ್ಲಿ ಒಂದು ಹಲ್ಲು ಕಮ್ಮಿ ಆಯ್ತು ಅನ್ಸುತ್ತೆ, ಸಮತಟ್ಟಲ್ಲಿ ಒಂದು ಹಲ್ಲು ಜಾಸ್ತಿ ಆಯ್ತು ಅನ್ಸುತ್ತೆ, ಎರಡೂ ಕಡೆ ಒಂದೇ ಸಮ ಬೈಕೋತಾ ಇದೀವಿ ಅಂದ್ರೆ ಗೇರ್ ಸರಿಯಾಗಿ ಆರಿಸಿದೀವಿ ಅಂತ ಅರ್ಥ. ಟೂರ್ ದ ಫ್ರಾನ್ಸಲ್ಲೂ 1937ರವರೆಗೆ ಡಿರೈಲರ್ ಬಿಟ್ಟಿರಲಿಲ್ಲ, ಬೆಟ್ಟದ ಬುಡದಲ್ಲಿ ಇಳಿದು ಹಿಂದಿನ ಚಕ್ರ ಬಿಚ್ಚಿ ಉಲ್ಟಾ ಹಾಕೋರು, ಆ ಕಡೆ ಬೇರೆ ಹಲ್ಲು ಇರ್ತಿತ್ತು. ಎಲ್ಲಿ ಇಳೀಬೇಕು ಅನ್ನೋದೇ ಆಗ ಒಂದು ರೇಸು.

ಈಗ ನನಗೆ ಎಲ್ಲಕ್ಕಿಂತ ಇಷ್ಟದ ದಾರಿ, ಮರೀನ್‌ನಲ್ಲೇ ಇರೋ ಮೌಂಟ್ ಟ್ಯಾಮಲ್‌ಪೈಸ್ ಬೆಟ್ಟದ ಓಲ್ಡ್ ರೈಲ್‌ರೋಡ್ ಗ್ರೇಡ್. ಇದು ಹೆಸರೇ ಹೇಳೋ ಹಾಗೆ ಹಳೇ ರೈಲು ದಾರಿ. 1896ರಲ್ಲಿ ಮಿಲ್ ವ್ಯಾಲಿಯಿಂದ ಬೆಟ್ಟದ ತುದಿ ಹತ್ರದವರೆಗೆ ಹಾಕಿದ್ರು, ಎಂಟು ಮೈಲಿ ಚಿಲ್ಲರೆ, 281 ತಿರುವು, ‘ಪ್ರಪಂಚದಲ್ಲೇ ಅತಿ ಸೊಟ್ಟ ರೈಲು’ ಅಂತ ಜಾಹೀರಾತು ಕೊಡೋರು. ಒಂದು ಕಡೆ ಎತ್ತರ ಗಿಟ್ಟಿಸೋಕೆ ಹಳಿ ತನ್ನ ಪಕ್ಕದಲ್ಲೇ ತಾನು ಐದು ಸಲ ಸುತ್ತಿ ಹೋಗ್ತಿತ್ತು. 1929ರಲ್ಲಿ ಕಾಡಿಗೆ ಬೆಂಕಿ ಬಿತ್ತು, ಅಷ್ಟರಲ್ಲಿ ಜನಾನೂ ಕಾರಲ್ಲೇ ಬೆಟ್ಟ ಹತ್ತೋಕೆ ಶುರು ಮಾಡಿದ್ರು, 1930ಕ್ಕೆ ರೈಲು ನಿಂತು ಹೋಯ್ತು, ಹಳಿ ಕಿತ್ರು, ಮಣ್ಣಿನ ದಾರಿ ಉಳ್ಕೊಂತು. ರೈಲಿಗೆ ಕಡಿದಾದ ಏರು ಹತ್ತೋಕೆ ಆಗಲ್ಲ ಅಂತ ಎಲ್ಲೂ ನೂರಕ್ಕೆ ಏಳು ಮೀರದ ಹಾಗೆ ಕಟ್ಟಿದಾರೆ. ಅದರ ಫಲ ನೂರು ವರ್ಷ ಆದ್ಮೇಲೆ ನಾವು ಉಣ್ತಾ ಇದೀವಿ, ಒಂದೇ ಸಮನೆ ಏರು, ಒಂದೇ ಸಮನೆ ಉಸಿರು, ಗೇರ್ ಬದಲಾಯಿಸೋ ಪ್ರಶ್ನೇನೇ ಬರಲ್ಲ.

ಇನ್ನೊಂದು ವಿಷಯ, ಆ ದಾರೀಲಿ ಓಡಿದ್ದು ಶೇ ಮತ್ತೆ ಹೈಸ್ಲರ್ ಅನ್ನೋ ಗೇರ್ಡ್ ಇಂಜಿನ್‌ಗಳು. ಮಾಮೂಲಿ ಉಗಿಬಂಡಿ ಥರ ಪಿಸ್ಟನ್ ನೇರ ಚಕ್ರ ತಿರುಗಿಸಲ್ಲ, ಮಧ್ಯ ಒಂದು ಶಾಫ್ಟು, ಅದರಿಂದ ಹಲ್ಲುಚಕ್ರಗಳ ಮೂಲಕ ಎಲ್ಲಾ ಚಕ್ರಕ್ಕೂ ಶಕ್ತಿ. ಗೇರ್ ಇದೆ, ಆದ್ರೆ ಒಂದೇ ಒಂದು! ಶಿಫ್ಟ್ ಮಾಡೋ ಹಾಗಿಲ್ಲ. ನಿಧಾನ ಹೋದ್ರೂ ಪರವಾಗಿಲ್ಲ ಈ ಬೆಟ್ಟಕ್ಕೆ ಇಷ್ಟು ಸಾಕು ಅಂತ ಯಾರೋ ಇಂಜಿನಿಯರ್ ಕೂತು ಲೆಕ್ಕ ಹಾಕಿ ಒಂದೇ ಅನುಪಾತಕ್ಕೆ ಒಪ್ಪಿದಾನೆ. ಅದನ್ನ ಓದಿದ ಮೇಲೆ ನನ್ನ 20 ಹಲ್ಲಿನ ಕಾಗ್ (ಹಿಂದಿನ ಹಲ್ಲುಚಕ್ರ) ಮೇಲೆ ಸ್ವಲ್ಪ ಗೌರವ ಜಾಸ್ತಿ ಆಗಿದೆ.

ಎಲ್ಲಾ ದಾರಿನೂ ರೈಲಿನ ದಾರಿ ಆಗಿರಲ್ವಲ್ಲ. ಮರೀನ್‌ನಲ್ಲೇ ಪೈನ್ ಮೌಂಟನ್ ಕಡೆ ಹೋದ್ರೆ ಬರೀ ಕಲ್ಲು, ಸಡಿಲ ಜಲ್ಲಿ, ಗೋಡೆ ಥರ ಏರು. ಅಲ್ಲಿ ನಾನು ಇಳಿದು ತಳ್ತೀನಿ. ಇಲ್ಲೇ ನೋಡಿ ಜನಕ್ಕೆ ಮುಜುಗರ ಆಗೋದು, ಗೇರ್ ಸೈಕಲ್ಲಿನೋರಿಗೆ ತಳ್ಳೋದು ಅಂದ್ರೆ ಸೋಲು, 52 ಹಲ್ಲಿನ ತಟ್ಟೆಯಂಥ ಕಾಗಲ್ಲಿ ಸೊಳ್ಳೆ ಹಾರೋ ವೇಗದಲ್ಲಿ ಗಿರಗಿರ ತುಳೀತಾ ಪಕ್ಕದಲ್ಲಿ ನಡ್ಕೊಂಡು ಹೋಗ್ತಿರೋ ನನಗಿಂತ ಅರ್ಧ ಮಾರು ಮುಂದೆ ಇರ್ತಾರೆ, ಮುಖ ಕೆಂಪಗೆ, ಮಾತಿಲ್ಲ ಕಥೆಯಿಲ್ಲ. ನನಗೆ ಈ ನಾಚಿಕೆ ಯಾವತ್ತೂ ಅರ್ಥ ಆಗಿಲ್ಲ. ನಮ್ಮೂರು ಕೊಪ್ಪದ ಕಡೆ. ಮನೇಲಿದ್ದ ಸೈಕಲ್ಲು ಅಟ್ಲಾಸು, ಮುಂದೆ 44 ಹಲ್ಲು ಹಿಂದೆ 18, 28 ಇಂಚಿನ ಚಕ್ರ, ಪೆಡ್ಲಿನ ಒಂದು ಸುತ್ತಿಗೆ ಹತ್ತತ್ರ ಐದೂವರೆ ಮೀಟರು. ಬಯಲುಸೀಮೆಗೆ ಅದು ಸರಿ, ಮಲೆನಾಡಿನ ಏರಿಗೆ ಅದರಲ್ಲಿ ಹತ್ತೋ ಮಾತೇ ಇಲ್ಲ, ಯಾರೂ ಹತ್ತೋಕೆ ಹೋಗ್ತಾನೂ ಇರ್ಲಿಲ್ಲ. ಏರು ಬಂತಾ ಇಳಿ, ಹ್ಯಾಂಡಲ್ ಹಿಡ್ಕೊ, ಜೊತೇಲಿರೋನ ಹತ್ರ ಮಾತಾಡ್ಕೊಂಡು ನಡಿ, ಏರು ಮುಗೀತಾ ಹತ್ತಿ ಕೂರು. ಸ್ಕೂಲ್ ಮೇಷ್ಟ್ರೂ ತಳ್ತಿದ್ರು, ಪೋಸ್ಟ್‌ಮ್ಯಾನೂ ತಳ್ತಿದ್ದ.

ಇದನ್ನ ಹೇಳಿದ ತಕ್ಷಣ ‘ನೋಡಿ ನಮ್ಮ ಹಿರಿಯರು ಆಗಲೇ ಸಿಂಗಲ್ ಸ್ಪೀಡ್ ಓಡಿಸ್ತಿದ್ರು’ ಅಂತ ಕಾಮೆಂಟ್ ಹಾಕ್ಬೇಡಿ ದಯವಿಟ್ಟು. ಕ್ಯಾರಿಯರಿಗೆ ಎರಡು ಕಡೆ ಹಾಲಿನ ಕ್ಯಾನ್ ಕಟ್ಕೊಂಡು ಡೈರಿಗೆ ಹೋಗೋನಿಗೆ ಯಾರಾದ್ರೂ ಗೇರ್ ಕೊಟ್ಟಿದ್ರೆ ಎರಡು ಕೈಲಿ ಬಾಚ್ಕೊಂತಿದ್ದ. ಅವನಿಗೆ ಅದು ಆಯ್ಕೆ ಆಗಿರ್ಲಿಲ್ಲ, ನನಗೆ ಶೋಕಿ. ಈ ವ್ಯತ್ಯಾಸ ಮರೆತು ಮಾತಾಡೋದು ಸಣ್ಣತನ. ನಾನು ಅಲ್ಲಿಂದ ತಗೊಂಡಿದ್ದು ತಳ್ಳೋಕೆ ನಾಚ್ಕೋಬಾರ್ದು ಅನ್ನೋದು ಒಂದೇ.

ಇನ್ನು ಫಿಕ್ಸಿ. ಸಿಂಗಲ್ ಸ್ಪೀಡೂ ಫಿಕ್ಸೆಡ್ ಗೇರೂ ಒಂದೇ ಅಂತ ತಿಳ್ಕೊಂಡಿರೋರು ತುಂಬ ಜನ. ಸಿಂಗಲ್ ಸ್ಪೀಡಲ್ಲಿ ಫ್ರೀವೀಲ್ ಇರುತ್ತೆ, ಇಳಿಜಾರಲ್ಲಿ ಕಾಲು ಸುಮ್ನಿಟ್ಟು ಕೂರಬಹುದು. ಫಿಕ್ಸಿಲಿ ಆ ಭಾಗ್ಯ ಇಲ್ಲ, ಚಕ್ರ ತಿರುಗ್ತಿರೋವರೆಗೂ ಪೆಡ್ಲು ತಿರುಗುತ್ತೆ, ನಿಮ್ಮ ಕಾಲೂ ತಿರುಗುತ್ತೆ, ಕೇಳೋ ಪದ್ಧತಿ ಇಲ್ಲ. ಟ್ರ್ಯಾಕಲ್ಲಿ, ಸಿಟಿ ರಸ್ತೇಲಿ ಸರಿ, ಕಲ್ಲು ಬೇರು ಇರೋ ಕಾಡುದಾರೀಲಿ ಯಾಕೆ ಬೇಕು ಅಂತ ಕೇಳಿದ್ರೆ ನಾನೂ ಮೊದಲು ಅದನ್ನೇ ಕೇಳ್ತಿದ್ದೆ. ಒಬ್ಬ ಗೆಳೆಯನ ಸೈಕಲ್ಲಲ್ಲಿ ಓಡಿಸಿ ನೋಡಿದ ಮೇಲೆ ಹೇಳೋದು: ಏರಲ್ಲಿ ಅದು ಅದ್ಭುತ. ಕಾಲು ಮೇಲೆ ಕೆಳಗೆ ನೆಟ್ಟಗಾಗೋ ಜಾಗದಲ್ಲಿ ಮಾಮೂಲಿ ಸೈಕಲ್ ಒಂದು ಗಳಿಗೆ ಸತ್ತ ಹಾಗೆ ಆಗುತ್ತಲ್ಲ, ಫಿಕ್ಸಿಲಿ ಚಕ್ರವೇ ಕಾಲನ್ನ ಎಳ್ಕೊಂಡು ಆ ಜಾಗ ದಾಟಿಸುತ್ತೆ. ಹಿಂದಿನ ಟೈರು ಜಾರೋಕೆ ಶುರು ಆಗೋದು ಪಾದಕ್ಕೇ ಗೊತ್ತಾಗುತ್ತೆ. ಕಲ್ಲಿಗೆ ಸಿಕ್ಕಿ ನಿಂತ್ರೆ ಅರ್ಧ ಸುತ್ತು ಹಿಂದಕ್ಕೆ ತುಳಿದು ಮತ್ತೆ ಮುಂದೆ ಬರಬಹುದು, ಯಾವ ಗೇರ್ ಸೈಕಲ್ಲಲ್ಲಿ ಇದು ಆಗುತ್ತೆ ಹೇಳಿ?

ಇಳಿಜಾರಿನ ಕಥೆ ಬೇರೆ. ಮಾಮೂಲಿ ಸೈಕಲ್ಲಲ್ಲಿ ಕಲ್ಲು ಬಂದ್ರೆ ಎರಡೂ ಪೆಡ್ಲು ಸಮ ಮಾಡಿ ನಿಂತು ದಾಟಿಸ್ತೀವಿ. ಇಲ್ಲಿ ಪೆಡ್ಲು ಕೆಳಗೆ ಬರೋ ಹೊತ್ತಿಗೂ ಕಲ್ಲು ಬರೋ ಹೊತ್ತಿಗೂ ತಾಳ ತಪ್ಪಿದ್ರೆ ಪೆಡ್ಲು ಕಲ್ಲಿಗೆ ಬಡಿದು ಸೈಕಲ್ಲನ್ನೇ ಎತ್ತಿ ಎಸೆಯುತ್ತೆ. ಅದಕ್ಕೇ 165 ಮಿಲಿಮೀಟರಿನ ಗಿಡ್ಡ ಕ್ರ್ಯಾಂಕ್ (ಪೆಡ್ಲು ಕೂರೋ ತೋಳು), ನೆಲದಿಂದ ಎತ್ತರ ಇರೋ ಬಾಟಮ್ ಬ್ರ್ಯಾಕೆಟ್ (ಆ ತೋಳು ತಿರುಗೋ ಅಚ್ಚಿನ ಜಾಗ) ಹುಡುಕ್ತಾರೆ. ಕಾಲಿಂದಲೇ ಹಿಂದಕ್ಕೆ ಒತ್ತಿ ವೇಗ ತಡೆಯೋದ್ರಿಂದ ಕಾಗ್ ಬಿಚ್ಕೊಳ್ಳೋ ಭಯ ಬೇರೆ, ಟ್ರ್ಯಾಕ್ ಸೈಕಲ್ಲಿನ ಹಬ್‌ನಲ್ಲಿ ಅದನ್ನ ತಡೆಯೋಕೆ ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗ್ ಇರುತ್ತೆ, ಕಾಡಿಗೆ ಹೋಗೋರು ಡಿಸ್ಕ್ ಬ್ರೇಕಿನ ಆರು ಬೋಲ್ಟಿನ ಜಾಗಕ್ಕೇ ಕಾಗ್ ಬಿಗಿದುಬಿಡ್ತಾರೆ, ಅದು ನನಗೆ ಹೆಚ್ಚು ನಂಬಿಕೆ. ಚೈನು ಸಡಿಲ ಇರಲೇಬಾರ್ದು. ಸಿಂಗಲ್ ಸ್ಪೀಡಲ್ಲಿ ಚೈನ್ ಬಿದ್ರೆ ಕೈ ಮಸಿ ಅಷ್ಟೇ, ಫಿಕ್ಸಿಲಿ ಬಿದ್ರೆ ಹಿಂದಿನ ಚಕ್ರ ಅಲ್ಲೇ ಲಾಕ್ ಆಗಬಹುದು. ಚೈನ್ ಬಿಗಿ ಹಿಡಿಯೋ ಸ್ಪ್ರಿಂಗ್ ಟೆನ್ಶನರ್ ಹಾಕಿದ್ರಾಯ್ತು ಅನ್ನೋ ಹಾಗಿಲ್ಲ, ಹಿಂದಕ್ಕೆ ಒತ್ತಿದಾಗ ಚೈನಿನ ಕೆಳಭಾಗವೇ ಬಿಗಿಯಾಗುತ್ತೆ, ಸ್ಪ್ರಿಂಗು ಅದನ್ನ ತಡೆಯಲ್ಲ. ಚಕ್ರ ಹಿಂದೆ ಮುಂದೆ ಸರಿಸೋ ಡ್ರಾಪ್‌ಔಟ್ (ಫ್ರೇಮಲ್ಲಿ ಚಕ್ರದ ಅಚ್ಚು ಕೂರೋ ಜಾಗ) ಇರ್ಬೇಕು, ಇಲ್ಲಾ ಕ್ರ್ಯಾಂಕನ್ನೇ ಹಿಂದೆ ಮುಂದೆ ಸರಿಸೋ ಎಕ್ಸೆಂಟ್ರಿಕ್ ಬಾಟಮ್ ಬ್ರ್ಯಾಕೆಟ್ ಇರ್ಬೇಕು. ಇನ್ನೊಂದು, ಸ್ಟ್ಯಾಂಡಲ್ಲಿ ಚಕ್ರ ತಿರುಗ್ತಿರೋವಾಗ ಫಿಕ್ಸಿ ಚೈನ್ ಒರೆಸೋಕೆ ಹೋಗ್ಬೇಡಿ, ಬೆರಳು ಹೋಗುತ್ತೆ, ಇದು ಉತ್ಪ್ರೇಕ್ಷೆ ಅಲ್ಲ.

ಮುಂದಿನ ಬ್ರೇಕ್ ಇಲ್ದೆ ಫಿಕ್ಸಿಲಿ ಬೆಟ್ಟ ಇಳೀತೀನಿ ಅನ್ನೋ ಶೂರರ ವಿಡಿಯೋ ಬರ್ತವೆ. ಅವರ ಹತ್ರ ನನಗೆ ವಾದ ಇಲ್ಲ, ಆದ್ರೆ ಅದೇ ದಾರೀಲಿ ನಾಯಿ ಹಿಡ್ಕೊಂಡು, ಕುದುರೆ ಮೇಲೆ, ಮಗು ಹೊತ್ಕೊಂಡು ಜನ ಬರ್ತಿರ್ತಾರೆ. ಮರೀನ್‌ನಲ್ಲಿ ಸೈಕಲ್ಲಿಗೆ ಇಷ್ಟೊಂದು ದಾರಿ ಮುಚ್ಚಿರೋದ್ರ ಹಿಂದೆ ಇಂಥೋರ ಪಾಲೂ ಇದೆ ಅಂತ ನನ್ನ ಅನಿಸಿಕೆ.

ಸಿಂಗಲ್ ಸ್ಪೀಡ್ ವರ್ಲ್ಡ್ ಚಾಂಪಿಯನ್‌ಶಿಪ್ ಅಂತಾನೂ ಒಂದಿದೆ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟಕ್ಕೂ ಅದಕ್ಕೂ ಸಂಬಂಧ ಇಲ್ಲ, ವೇಷ ಹಾಕ್ಕೊಂಡು ಬರ್ತಾರೆ, ದಾರಿ ಮಧ್ಯ ಬಿಯರು, ಗೆದ್ದೋರಿಗೆ ಪದಕದ ಬದಲು ಟ್ಯಾಟೂ, ಅದೂ ಹಾಕಿಸ್ಕೊಳ್ಳಲೇಬೇಕು. ಮುಂದಿನ ಸಲ ಯಾವ ಊರಲ್ಲಿ ಅನ್ನೋದೂ ಏನೋ ಹುಚ್ಚು ಪಂದ್ಯ ಕಟ್ಟಿ ತೀರ್ಮಾನ ಮಾಡ್ತಾರೆ. ಟ್ಯಾಟೂ ಐಡಿಯಾ ಚೆನ್ನಾಗಿದೆ, ವೇಷದ ಗಲಾಟೆ ನನಗೆ ಹತ್ತು ನಿಮಿಷಕ್ಕೇ ಸಾಕಾಗುತ್ತೆ.

ಟ್ರೈ ಮಾಡ್ಬೇಕು ಅನ್ನೋರು ಹೊಸ ಸೈಕಲ್ ತಗೋಬೇಡಿ. ಇರೋ ಗೇರ್ ಸೈಕಲ್ಲಲ್ಲೇ 32ಕ್ಕೆ 20ರ ಹತ್ತಿರ ಇರೋ ಒಂದು ಗೇರ್ ಹಾಕಿ ಶಿಫ್ಟರ್ ಮುಟ್ಟದೆ ಒಂದು ಬೆಳಿಗ್ಗೆ ಓಡಿಸಿ, ಬೇಕಿದ್ರೆ ಶಿಫ್ಟರಿಗೆ ಟೇಪ್ ಸುತ್ತಿಬಿಡಿ, ಇಲ್ದಿದ್ರೆ ಹೆಬ್ಬೆರಳು ತಾನೇ ಹೋಗುತ್ತೆ. ಬೆಂಗಳೂರಿನೋರು ಹತ್ತಿರದಲ್ಲಿ ಸೈಕಲ್ ಬಿಡೋ ಮಣ್ಣಿನ ದಾರೀಲಿ ನೋಡಬಹುದು. ಇಲ್ಲಿನೋರು ರೈಲ್‌ರೋಡ್ ಗ್ರೇಡಿಗೇ ಬನ್ನಿ, ಪೈನ್ ಮೌಂಟನ್ ಆಮೇಲೆ. ಬೆಳಿಗ್ಗೆ ಬೇಗ ಬನ್ನಿ ಮಾತ್ರ, ವೀಕೆಂಡಲ್ಲಿ ತಡ ಆದ್ರೆ ಮಿಲ್ ವ್ಯಾಲೀಲಿ ಪಾರ್ಕಿಂಗ್ ಸಿಗೋದು ಬೆಟ್ಟ ಹತ್ತೋದಕ್ಕಿಂತ ಕಷ್ಟ.