ಬರದ ಸಿನಿಮಾಕ್ಕೆ ಹೆಸರಿನ ಸುಗ್ಗಿ

ನಾನೀಗ ಸಿನಿಮಾ ನಿರ್ಮಾಪಕ. ಸುಮ್ನೆ ಹೇಳುತ್ತಿಲ್ಲ, ಪಾವತಿ ಇದೆ. 501 ರೂಪಾಯಿ.

ಹುಬ್ಬಳ್ಳಿಯ ನಮ್ಮ ಓಣಿಯೊಂದರಲ್ಲೇ ಈಗ ಹದಿನಾಲ್ಕು ಮಂದಿ ನಿರ್ಮಾಪಕರಿದ್ದೇವೆ. ಇಸ್ತ್ರಿ ಅಂಗಡಿಯವರು ನನ್ನ ಹಾಗೆ ಸಹ ನಿರ್ಮಾಪಕರು. ಹಾಲಿನವರು 1001 ಕೊಟ್ಟು ಕಾರ್ಯಕಾರಿ ನಿರ್ಮಾಪಕರಾಗಿದ್ದಾರೆ. ಅಂದಿನಿಂದ ಮುಂಜಾನೆ ಹಾಲು ಹಾಕುವಾಗ ನನ್ನನ್ನು ಒಂದು ಮೆಟ್ಟಿಲು ಕೆಳಗೆ ನಿಂತವನ ಹಾಗೆ ನೋಡುತ್ತಾರೆ.

ಏಪ್ರಿಲ್‌ನ ಒಂದು ರವಿವಾರ ಹಿಂದಿನ ಮನೆಯ ಹುಡುಗ ಬಂದ. ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಆಗಿದೆ. ಕೈಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಕ್ಯೂಆರ್ ಕೋಡ್.

"ಕಾಕಾ, ಶಾರ್ಟ್ ಫಿಲ್ಮ್ ಮಾಡಾಕತ್ತೇನ್ರಿ. ಕ್ರೌಡ್‌ಫಂಡಿಂಗ್."

"ಹಂಗಂದ್ರ?"

"ಮಂದಿ ಎಲ್ಲಾರೂ ಸ್ವಲ್ಪ ಸ್ವಲ್ಪ ರೊಕ್ಕ ಕೂಡಿಸಿ ಸಿನಿಮಾ ಮಾಡೂದ್ರಿ."

"ಅದಕ್ಕ ಪಟ್ಟಿ ಅಂತಾರಲ್ಲೋ ತಮ್ಮಾ."

ಹುಡುಗನ ಮುಖ ಸಣ್ಣದಾಯಿತು. ಗಣಪತಿ ಕೂಡಿಸುವವರು ಎತ್ತುವುದು ಪಟ್ಟಿ, ತಾನು ಮಾಡುತ್ತಿರುವುದು ಕಲೆ ಅಂತ ಅವನ ಲೆಕ್ಕ. 2013ರ 'ಲೂಸಿಯಾ' ಹೀಗೇ ಜನರ ದುಡ್ಡಿನಿಂದ ಆಗಿದ್ದು ಅಂತ ಉದಾಹರಣೆ ಕೊಟ್ಟ. ಕಥೆ ಏನು ಅಂತ ಕೇಳಿದೆ. ಬರಗಾಲ. ಬಾವಿ ಬತ್ತಿದ ಹಳ್ಳಿಯಲ್ಲಿ ಒಬ್ಬಳೇ ಅಜ್ಜಿ. ನಾಯಕಿ ಯಾರು ಅಂದರೆ ಅವನ ಸ್ವಂತ ಅಜ್ಜಿಯೇ, ಸಂಬಳ ಇಲ್ಲ. ಒಟ್ಟು 11 ನಿಮಿಷ. ಖರ್ಚು 75 ಸಾವಿರ.

ಮೊದಲು ಅವನು ಇಂಟರ್ನೆಟ್ಟಿನಲ್ಲೇ ಪ್ರಯತ್ನ ಮಾಡಿದ್ದನಂತೆ. 19 ದಿನದಲ್ಲಿ ಬಂದಿದ್ದು 2,350 ರೂಪಾಯಿ. ಅದರಲ್ಲಿ 2,000 ಪುಣೆಯಲ್ಲಿರುವ ಅಕ್ಕನದು. ಹೀಗೆ ಜನರಿಂದ ದುಡ್ಡು ಕೂಡಿಸುವ ಅಮೆರಿಕದ ಜಾಲತಾಣ ಕಿಕ್‌ಸ್ಟಾರ್ಟರ್‌ನಲ್ಲಿ ಒಂದು ನಿಯಮ ಇದೆ. ಹಾಕಿಕೊಂಡ ಗುರಿ ಮುಟ್ಟದಿದ್ದರೆ ಕೊಡುತ್ತೇನೆ ಅಂದವರ ಯಾರ ದುಡ್ಡನ್ನೂ ಮುರಿದುಕೊಳ್ಳುವುದಿಲ್ಲ. ನಮ್ಮ ಪಟ್ಟಿಗೆ ಅಂಥ ಮೃದು ಮನಸ್ಸಿಲ್ಲ. ಒಮ್ಮೆ ಹೆಸರು ಬರೆಸಿದರೆ ಮುಗಿಯಿತು, ಜಾತ್ರೆ ನಿಂತರೂ ವಸೂಲಿ ನಿಲ್ಲುವುದಿಲ್ಲ.

ಹುಡುಗ ಜಾಣ. ವಾರದಲ್ಲಿ ಕಲೆಯನ್ನು ಪಕ್ಕಕ್ಕಿಟ್ಟು ಗದಗಿನ ಪ್ರೆಸ್ಸಿನಲ್ಲಿ ಪಾವತಿ ಪುಸ್ತಕ ಅಚ್ಚು ಹಾಕಿಸಿಕೊಂಡು ಬಂದ. ಅಲ್ಲಿಂದ ಮುಂದೆ ರೊಕ್ಕ ಬಂದಿದ್ದೇ ಬಂದಿದ್ದು. ಕ್ಯೂಆರ್ ಕೋಡಿಗೆ ಹಾಕಿದ ದುಡ್ಡು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ಪಾವತಿ ಹರಿದು ಕೈಗೆ ಕೊಟ್ಟರೆ ಅದು ವ್ಯವಹಾರ.

ಪಾವತಿಯ ಹಿಂದೆ ದರಪಟ್ಟಿ ಇತ್ತು. 101ಕ್ಕೆ ಕೃತಜ್ಞತೆ. 501ಕ್ಕೆ ಸಹ ನಿರ್ಮಾಪಕ. 1001ಕ್ಕೆ ಕಾರ್ಯಕಾರಿ. 5001 ಕೊಟ್ಟರೆ 'ಅರ್ಪಿಸುವ' ಅಂತ ಎಲ್ಲರಿಗಿಂತ ಮೊದಲು ಹೆಸರು. ನಾನು 501ರ ಕೆಳಗೆ ಇಳಿಯಲು ಮನಸ್ಸಾಗದೆ, ಮೇಲೆ ಹೋಗಲು ಪಿಂಚಣಿ ಸಾಲದೆ, ಮಧ್ಯಮ ವರ್ಗದ ನಿರ್ಮಾಪಕನಾದೆ.

ಒಟ್ಟು 214 ಮಂದಿ ಕೊಟ್ಟರು. ಎಲ್ಲರಿಗೂ ಹೆಸರು ಬೇಕು, ಅದೂ ಒಬ್ಬೊಬ್ಬರದೇ, ಗುಂಪಿನಲ್ಲಿ ಅಲ್ಲ. ಒಂದು ಹೆಸರಿಗೆ ಎರಡು ಸೆಕೆಂಡ್ ಅಂದರೂ 7 ನಿಮಿಷ 8 ಸೆಕೆಂಡ್. ಸಿನಿಮಾ 11 ನಿಮಿಷ. ಇದು ಜಾಸ್ತಿ ಆಯಿತಲ್ವಾ ಅಂದೆ. ಹುಡುಗ ಧೈರ್ಯ ಹೇಳಿದ. ಆಸ್ಕರ್‌ನವರ ನಿಯಮದ ಪ್ರಕಾರ ಹೆಸರುಗಳೂ ಸೇರಿ 40 ನಿಮಿಷದವರೆಗೆ ಇದ್ದರೆ ಅದು ಕಿರುಚಿತ್ರವೇ. ಹಾಗಾಗಿ, "ಇನ್ನೂ ಆರುನೂರು ಮಂದಿ ಹಿಡಸ್ತಾರ್ರಿ ಕಾಕಾ."

ನನಗೆ 'ಮಂಥನ್' ನೆನಪಾಯಿತು. 1976ರ ಸಿನಿಮಾ, ಶ್ಯಾಮ್ ಬೆನಗಲ್ ಅವರದು. ಗುಜರಾತಿನ ಹಾಲಿನ ಸಂಘಗಳ ಐದು ಲಕ್ಷ ರೈತರು ತಲಾ 2 ರೂಪಾಯಿ ಹಾಕಿ ಮಾಡಿಸಿದ್ದು. ಹತ್ತು ಲಕ್ಷ ಅಷ್ಟೇ. ಅವರಿಗೂ ಒಬ್ಬೊಬ್ಬರಿಗೆ ಎರಡೆರಡು ಸೆಕೆಂಡ್ ಹಾಕಿದ್ದರೆ? ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ. ಹಗಲೂ ರಾತ್ರಿ ಹನ್ನೊಂದೂವರೆ ದಿನ ಬರೀ ಹೆಸರು ಓಡುತ್ತಿತ್ತು. ಅವರು ಏನು ಮಾಡಿದರು? ಗುಜರಾತಿನ ಐದು ಲಕ್ಷ ರೈತರು ಅರ್ಪಿಸುವ ಅಂತ ಒಂದೇ ಸಾಲು ಹಾಕಿ ಮುಗಿಸಿದರು. ಆ ರೈತರು ಲಾರಿ ಲಾರಿ ತುಂಬಿಕೊಂಡು ಬಂದು ಸಿನಿಮಾ ನೋಡಿದರು. ಈ ಕಥೆಯನ್ನು ನಮ್ಮ ಹಾಲಿನವರಿಗೆ ಹೇಳಿದೆ. "ಎರಡು ರೂಪಾಯಿಗೆ ಮತ್ತೇನ್ ಹೆಸರು ಹಾಕ್ತಾರ್ರಿ?" ಅಂದರು.

ಹಳ್ಳಿ ನಾಟಕದಲ್ಲಿ ಆಯೇರಿ ನೋಡಿದವರಿಗೆ ಇದು ಹೊಸದಲ್ಲ. ನಾಯಕ ಸಾಯುತ್ತಿರುತ್ತಾನೆ, ತಾಯಿ ಎದೆ ಬಡಿದುಕೊಂಡು ಅಳುತ್ತಿರುತ್ತಾಳೆ. ಆಗ ಮೈಕಿನಲ್ಲಿ ಇಂಥವರಿಂದ ಇಂಥವರಿಗೆ 51 ರೂಪಾಯಿ ಆಯೇರಿ ಅಂತ ಕೂಗುತ್ತಾರೆ. ಹೆಣ ಎದ್ದು ಕೂತು, ನೋಟು ಇಸಿದುಕೊಂಡು, ಕೈ ಮುಗಿದು, ಮತ್ತೆ ಸಾಯುತ್ತದೆ. ನಡುವೆ ಬರುತ್ತಿದ್ದದ್ದು ಈಗ ಮೊದಲಿಗೆ ಬಂದಿದೆ. ಇದನ್ನು ಪ್ರಗತಿ ಅನ್ನದೆ ಏನನ್ನೋಣ?

ಹೆಸರು ಮಾತ್ರ ಕೇಳಿದವರು ಪುಣ್ಯವಂತರು. ಹತ್ತು ಸಾವಿರ ಕೊಟ್ಟವರೊಬ್ಬರದು ಬೋರ್‌ವೆಲ್ ಗಾಡಿ. ಅವರಿಗೆ ಕಥೆಯ ಕೊನೆ ಹಿಡಿಸಲಿಲ್ಲ. ಬಾವಿ ಬತ್ತಿದ್ದು ಸರಿ, ಆಮೇಲೆ ಬೋರ್ ಹಾಕಿಸಬೇಕು, ನೀರು ಬೀಳಬೇಕು. "ನಮ್ಮ ಗಾಡಿ ತೋರ್ಸಿ ನೀರು ಬರಲಿಲ್ಲಂದ್ರ ನಾಳೆ ನನಗ ಯಾರು ಕರೀತಾರೋ?" ನ್ಯಾಯವಾದ ಮಾತು. ಕಥೆ ಬದಲಾಯಿತು. ಮೊಬೈಲ್ ಅಂಗಡಿಯವರಿಗೆ ಅಜ್ಜಿಯ ಕೈಯಲ್ಲಿ ಹೊಸ ಫೋನ್ ಬೇಕಿತ್ತು. ಇನ್ನೊಬ್ಬರ ಮೊಮ್ಮಗಳು ಭರತನಾಟ್ಯ ಕಲಿಯುತ್ತಿದ್ದಾಳೆ. ಅದಕ್ಕೆ ಒಂದು ಕನಸಿನ ದೃಶ್ಯ ಸೇರಿಸಲಾಯಿತು.

ಇಷ್ಟೆಲ್ಲ ಆಗಿ ಕೈಗೆ 92 ಸಾವಿರ ಬಂತು. ಗುರಿ ದಾಟಿತು. ಇನ್ನು ಶೂಟಿಂಗ್ ಅಂತ ನಾನು ಅಂದುಕೊಂಡೆ. ನಾನು ಸಿನಿಮಾಕ್ಕೆ ಹೊಸಬ. ಮೊದಲು ಪೋಸ್ಟರ್ ಬಿಡುಗಡೆ ಆಗಬೇಕಂತೆ.

ಸಭಾಭವನವನ್ನು ಪುಕ್ಕಟೆ ಕೊಡಿಸಿದವರು ನಮ್ಮ ವಾರ್ಡಿನ ಭಾವಿ ಕಾರ್ಪೊರೇಟರ್. ಫ್ಲೆಕ್ಸಿನಲ್ಲಿ ಅವರ ಫೋಟೋ ಆಳೆತ್ತರ, ಅಜ್ಜಿಯದು ಅಂಗೈಯಷ್ಟು. ಅವರನ್ನು ಕರೆದ ಮೇಲೆ ಅವರ ಎದುರಾಳಿ ಭಾವಿಯನ್ನೂ ಕರೆಯಬೇಕು. ಇಬ್ಬರು ಬಂದರೆ ಮೂರನೆಯವರು ಸುಮ್ಮನಿರುತ್ತಾರಾ? ಕಥೆಯಲ್ಲಿ ಬಾವಿ ಬತ್ತಿತ್ತು, ವೇದಿಕೆಯ ತುಂಬ ಭಾವಿಗಳು. ಎಲ್ಲರಿಗೂ ಪೇಟ, ಶಾಲು, ಹಾರ. ಧಾರವಾಡದ ಲೈನ್ ಬಜಾರಿನಿಂದ ಆರು ಕೆಜಿ ಪೇಡೆ. 200 ಮಂದಿಗೆ ಗಿರಮಿಟ್ಟು, ಮಿರ್ಚಿ, ಚಹಾ. ಎಂಟು ಸ್ಪೀಕರಿನ ಸೌಂಡ್ ಸಿಸ್ಟಮ್. ಮೂರು ತಾಸಿನ ಭಾಷಣದಲ್ಲಿ ಸಿನಿಮಾದ ಹೆಸರನ್ನು ಒಬ್ಬರೂ ಸರಿಯಾಗಿ ಹೇಳಲಿಲ್ಲ. ಪೋಸ್ಟರಿನ ಮೇಲೆ ಆಗಲೇ ಎರಡು ಎಲೆಗಳ ನಡುವೆ 'ಅತ್ಯುತ್ತಮ ಮೊದಲ ಚಿತ್ರ' ಅಂತ ಇತ್ತು. ಇನ್ನೂ ಶೂಟಿಂಗೇ ಆಗಿಲ್ಲವಲ್ಲೋ ಅಂದರೆ, ಯಾವುದೋ ಆನ್‌ಲೈನ್ ಚಿತ್ರೋತ್ಸವಕ್ಕೆ ಪ್ರವೇಶ ಶುಲ್ಕ ಕಟ್ಟಿ ಎರಡು ನಿಮಿಷದ ಟ್ರೈಲರ್ ಕಳಿಸಿದ್ದನಂತೆ. ಪ್ರಶಸ್ತಿ ಮರುದಿನವೇ ಮೇಲ್‌ನಲ್ಲಿ ಬಂತು.

ಬಿಲ್ಲು ಬಂದಾಗ 48 ಸಾವಿರ. ಸಿನಿಮಾಕ್ಕೆ ಉಳಿದಿದ್ದು 44.

ಹುಡುಗನನ್ನು ಬೈಯುವುದು ಸುಲಭ. ನಾನು ಬೈಯಲಾರೆ. ಅವನು ಅದೇ ಜನರ ಹತ್ತಿರ ಹೋಗಿ ಒಂದು ಒಳ್ಳೆಯ ಮೈಕಿಗೆ ಎಂಟು ಸಾವಿರ ಕಡಿಮೆ ಬಿದ್ದಿದೆ ಅಂತ ಕೇಳಿದ. ಒಬ್ಬರೂ ಕೊಡಲಿಲ್ಲ. ಮೈಕಿನ ಮೇಲೆ ಹೆಸರು ಬರೆಸಿದರೆ ಯಾರಿಗೆ ಕಾಣುತ್ತದೆ? ಗುಡಿಯ ಟ್ಯೂಬ್‌ಲೈಟ್ ಆದರೆ ಬೇರೆ ಮಾತು. ಹಾಗಾಗಿ ಚಿತ್ರದಲ್ಲಿ ಮಾತೇ ಬೇಡ ಅಂತಾಯಿತು. "ಮೌನನ ನಮ್ಮ ಚಿತ್ರದ ಭಾಷಾರಿ," ಅಂತ ಸಂದರ್ಶನ ಕೊಟ್ಟ. ಭಾಷಣಕ್ಕೆ ಎಂಟು ಸ್ಪೀಕರ್, ಸಿನಿಮಾಕ್ಕೆ ಮೌನ.

ಕ್ಯಾಮೆರಾದ್ದು ಇನ್ನೊಂದು ಕಥೆ. ನಮ್ಮಲ್ಲಿ ಒಳ್ಳೆಯ ಕ್ಯಾಮೆರಾಗಳೆಲ್ಲ ಮದುವೆ ವಿಡಿಯೋದವರ ಹತ್ತಿರ ಇವೆ. ಮುಹೂರ್ತ ಇರುವ ದಿನ ಸಿಗುವುದಿಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಅರ್ಧ ಬಾಡಿಗೆಗೆ ಸಿಗುತ್ತದೆ. ಸರಿ, ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ಮರುವಾರ ಬರಗಾಲದ ಶೂಟಿಂಗ್ ಅಂತ ನಿಕ್ಕಿ ಆಯಿತು.

ಆಷಾಢದಲ್ಲಿ ಧಾರವಾಡ ನೋಡಿದ್ದೀರಾ? ಬೆಳಗ್ಗೆ ಹಿಡಿದ ಜಿಟಿಜಿಟಿ ಸಂಜೆಗೂ ಬಿಡುವುದಿಲ್ಲ. ಕಾಂಪೌಂಡ್ ಗೋಡೆಯ ಮೇಲೂ ಹುಲ್ಲು. ಬರಗಾಲ ಹುಡುಕಿಕೊಂಡು ಒಂದು ಟೆಂಪೋ ಮಾಡಿಕೊಂಡು ನವಲಗುಂದದ ಕಡೆ ಹೋದರು. ನಿರ್ಮಾಪಕರ ಪೈಕಿ ನಾನೊಬ್ಬನೇ ಜೊತೆಗೆ ಹೋಗಿದ್ದೆ. ಅಲ್ಲಿ ಮುಂಗಾರು ಚೆನ್ನಾಗಿ ಆಗಿತ್ತು. ಎರೆಹೊಲದ ತುಂಬ, ಕಣ್ಣು ಹಾಯಿಸಿದಷ್ಟು ದೂರ ಹೆಸರು. ದ್ವಿದಳ ಧಾನ್ಯದ ಹೆಸರು ನಾನು ಹೇಳುತ್ತಿರುವುದು. ನಿರ್ದೇಶಕ ಬದುವಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು ತಲೆ ಹಿಡಿದುಕೊಂಡ. ಹೊಲದ ಯಜಮಾನರು ಬಂದು, "ಯಾಕ್ರಿ ತಮ್ಮಾ, ಬೆಳಿ ಚಲೋ ಬಂದದಲ್ಲ," ಅಂದರು. "ಅದ ಕಾಕಾ ತ್ರಾಸ ಆಗಿದ್ದು," ಅಂದ ಇವನು. ಅವರು ಕ್ಯಾಮೆರಾ ಕಡೆ ಒಮ್ಮೆ, ಇವನ ಕಡೆ ಒಮ್ಮೆ ನೋಡಿ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟರು.

ಕೊನೆಗೆ ಬರಗಾಲ ಸಿಕ್ಕಿದ್ದು ಹುಬ್ಬಳ್ಳಿಯ ಅಂಚಿನ ಹೊಸ ಲೇಔಟಿನಲ್ಲಿ. ಜೆಸಿಬಿ ಹೊಡೆದು ಸಪಾಟು ಮಾಡಿದ ನೆಲ. ಒಂದು ಗರಿಕೆ ಇಲ್ಲ, ಒಂದು ಗಿಡ ಇಲ್ಲ. ಅಷ್ಟು ಪಕ್ಕಾ ಬರವನ್ನು ನಿಸರ್ಗ ಕೂಡ ಮಾಡಲಾರದು. ಲೇಔಟಿನವರು ಖುಷಿಯಿಂದ ಒಪ್ಪಿದರು. 'ಎನ್‌ಎ ಪ್ಲಾಟುಗಳು ಮಾರಾಟಕ್ಕಿವೆ' ಅನ್ನುವ ಬೋರ್ಡು ಮಾತ್ರ ಕಾಣಬೇಕು. ಹಾಗಾಗಿ ಅಜ್ಜಿ ಮೋಡ ನೋಡುವ ದೃಶ್ಯದಲ್ಲಿ ಅವಳ ತಲೆಯ ಹಿಂದೆ ಅದೇ ಇದೆ.

ಶ್ರಾವಣದ ಒಂದು ರವಿವಾರ ಪ್ರದರ್ಶನ. ಅದೇ ಸಭಾಭವನ. ದೀಪ ಆರಿತು. ಹೆಸರುಗಳು ಶುರುವಾದವು. ಒಬ್ಬೊಬ್ಬರೂ ತಮ್ಮ ಹೆಸರು ಬರುವಾಗ ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಂಡರು. ಮನೆಯವರು ಚಪ್ಪಾಳೆ ತಟ್ಟಿದರು. ಹೆಸರು ದಾಟಿದ ಮೇಲೆ ಎದ್ದು ಹೊರಗೆ ನಡೆದರು. ಹೊರಗೆ ಮಿರ್ಚಿ ಬಿಸಿಯಾಗಿತ್ತು. ನಾನು ಸುಳ್ಳು ಹೇಳುವುದಿಲ್ಲ, ನನ್ನ ಹೆಸರನ್ನು ನಾನೂ ವಿಡಿಯೋ ಮಾಡಿಕೊಂಡೆ. ಅಡ್ಡಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು.

ಏಳು ನಿಮಿಷ ಎಂಟು ಸೆಕೆಂಡ್ ಮುಗಿದು ಸಿನಿಮಾ ಶುರುವಾದಾಗ ಒಳಗೆ ಒಂಬತ್ತು ಮಂದಿ ಇದ್ದೆವು.

ಬೋರ್‌ವೆಲ್ ಗಾಡಿ ಬಂತು, ಮೊಮ್ಮಗಳು ಕುಣಿದಳು, ಬೋರ್ಡು ಕಂಡಿತು. ಆದರೆ ನಡುವೆ ಒಂದು ದೃಶ್ಯ ಇದೆ. ಅಡುಗೆ ಮನೆ, ಅಜ್ಜಿ ರೊಟ್ಟಿ ಬಡಿಯುತ್ತಾಳೆ. ತಂಬಿಗೆಯಲ್ಲಿ ನೀರು ತಳ ಕಂಡಿದೆ. ಎಸರು ಕಡಿಮೆ ಬಿದ್ದು ಹಿಟ್ಟಿಗೆ ಜಿಗಿ ಬಂದಿಲ್ಲ, ಬಡಿದ ಹಾಗೆಲ್ಲ ಅಂಚು ಸೀಳುತ್ತದೆ. ಅವಳು ಬೆರಳ ತುದಿಯನ್ನು ತಂಬಿಗೆಯಲ್ಲಿ ಅದ್ದಿ, ಒಂದೇ ಹನಿಯನ್ನು ಸೀಳಿನ ಮೇಲೆ ಸವರಿ, ಹೆಬ್ಬೆರಳಿನಿಂದ ಒತ್ತಿ ಕೂಡಿಸುತ್ತಾಳೆ. ಇನ್ನೊಂದು ಕಡೆ ಸೀಳುತ್ತದೆ. ಅಲ್ಲಿಗೂ ಒಂದು ಹನಿ. ಮಾತಿಲ್ಲ, ಸಂಗೀತ ಇಲ್ಲ. ಮುಕ್ಕಾಲು ನಿಮಿಷ ಇದ್ದೀತು. ಆ ಮುಕ್ಕಾಲು ನಿಮಿಷಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ. ಅದಕ್ಕೇ ಯಾರೂ ಅದನ್ನು ಕೆಡಿಸಿರಲಿಲ್ಲ.

ದೀಪ ಹತ್ತಿದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಮೊಮ್ಮಗನನ್ನು ಕರೆದಳು. ಓದು ಬರುತ್ತದೆ ಅವಳಿಗೆ, ನಾಲ್ಕನೇ ಇಯತ್ತೆ.

"ಎಲ್ಲಾರ ಹೆಸರೂ ಬಂತು. ನಂದೆಲ್ಲಿ ಬಂತೋ?"

ಹುಡುಗ ನಾಲಿಗೆ ಕಚ್ಚಿಕೊಂಡ. ಹೆಸರುಗಳನ್ನು ಅವನು ಪಾವತಿ ಪುಸ್ತಕ ನೋಡಿ ಟೈಪ್ ಮಾಡಿದ್ದ.

"ನೀ ರೊಕ್ಕ ಕೊಟ್ಟಿದ್ದಿಲ್ಲಲ್ಲಬೇ ಯಮ್ಮಾ..."

ಅಜ್ಜಿ ಸೊಂಟದ ಚಂಚಿ ಬಿಚ್ಚಿದಳು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಸರಿಸಿ, ನಾಲ್ಕು ಮಡಿಕೆ ಮಾಡಿದ ಇಪ್ಪತ್ತರ ನೋಟು ತೆಗೆದು ಅವನ ಕೈಗಿಟ್ಟಳು.

"ಹಿಡಿ. ಪಾವತಿ ಹರಿ."

ಹುಡುಗ ಚೀಲ ತಡಕಾಡಿ ಪುಸ್ತಕ ತೆಗೆದ. ಹಾಳೆ ಮುಗಿದು ಬರೀ ರಟ್ಟು ಉಳಿದಿತ್ತು.