ಯುದ್ಧ ಚೆನ್ನಾಗಿತ್ತು, ಸೌಂಡ್ ಸ್ವಲ್ಪ ಕಮ್ಮಿ

ನಮ್ಮೂರಿನಲ್ಲಿ ಒಟ್ಟು ಮೂರು ಕೋವಿಗಳಿವೆ. ಮೂರಕ್ಕೂ ಲೈಸೆನ್ಸ್ ಇದೆ, ಮೂರೂ ಇರುವುದು ಹಂದಿ ಓಡಿಸಲಿಕ್ಕೆ. ಚುನಾವಣೆ ಬಂತೆಂದರೆ ಅವನ್ನು ಠಾಣೆಯಲ್ಲಿ ಇಟ್ಟು ಬರಬೇಕು. ಲೋಕಸಭೆಗೊಮ್ಮೆ, ವಿಧಾನಸಭೆಗೊಮ್ಮೆ, ಪಂಚಾಯತಿಗೊಮ್ಮೆ. ಹಾಗಾಗಿ ಐದು ವರ್ಷಕ್ಕೆ ಮೂರು ಸಲ ನಮ್ಮೂರು ಪೂರ್ತಿ ನಿರಾಯುಧ. ಆ ಸುದ್ದಿ ಹಂದಿಗಳಿಗೆ ಹೇಗೆ ಮುಟ್ಟುತ್ತದೋ, ಮರುದಿನವೇ ಮರಗೆಣಸಿನ ಸಾಲಿನಲ್ಲಿ ಅವುಗಳ ವಿಜಯೋತ್ಸವ.

ಇಷ್ಟು ಬಲದ ಊರಿನಲ್ಲಿ ಯುದ್ಧ ಬಲ್ಲವರು ಎಷ್ಟು ಜನ ಎಂದು ಕೇಳಿದರೆ ಮತದಾರರ ಪಟ್ಟಿಯನ್ನೇ ಕೊಡಬೇಕಾಗುತ್ತದೆ. ಟ್ಯಾಂಕ್ ಎಲ್ಲಿ ನಿಲ್ಲಿಸಬೇಕಿತ್ತು, ಕ್ಷಿಪಣಿ ಯಾವ ಕಡೆ ತಿರುಗಿಸಬೇಕಿತ್ತು, ಎಲ್ಲವನ್ನೂ ಹೋಟೆಲಿನ ಬೆಂಚಿನಲ್ಲಿ ಕೂತು ಗೋಳಿಬಜೆ ಮುರಿಯುತ್ತ ಹೇಳಬಲ್ಲವರು. ಅದೂ ಅಲ್ಲದೆ ನಾವು ಕಾಸರಗೋಡಿನವರು, ಗಡಿನಾಡ ಕನ್ನಡಿಗರು. ನಮ್ಮ ಗಡಿ ಎಂದರೆ ತಲಪಾಡಿ. ಆಚೆ ದಾಟಿ ಪೆಟ್ರೋಲ್ ಹಾಕಿಸಿಕೊಂಡು ಬರುವುದೇ ನಮ್ಮ ಗಡಿ ಕಾರ್ಯಾಚರಣೆ. 1956ರಿಂದ ನಾವು ಬಿಡದೆ ನಡೆಸುತ್ತಿರುವ ಯುದ್ಧವೂ ಒಂದಿದೆ, ಬಸ್ಸಿನ ಬೋರ್ಡಿನ ಜೊತೆ. ಅದು ಮಲಯಾಳದಲ್ಲಿರುತ್ತದೆ, ನಾವು ತಪ್ಪು ಬಸ್ಸು ಹತ್ತುತ್ತೇವೆ, ಕಂಡಕ್ಟರ್ ಗೆಲ್ಲುತ್ತಾನೆ.

ಇಂಥ ಊರಿನ ಕ್ಲಬ್ಬಿನವರು ಆಗಸ್ಟ್ 15ರ ಲೆಕ್ಕದಲ್ಲಿ ಮೂರು ರಾತ್ರಿ ಯುದ್ಧದ ಸಿನಿಮಾ ತೋರಿಸಿದರು. ಸುಮ್ನೆ ತೋರಿಸಿದ್ದರೆ ಬರೆಯಲಿಕ್ಕೆ ಏನೂ ಇರಲಿಲ್ಲ. ಯಾವ ಸಿನಿಮಾದಲ್ಲಿ ಯುದ್ಧ ಎಷ್ಟು ನಿಜವಾಗಿದೆ ಎಂದು ಹತ್ತಕ್ಕೆ ಅಂಕ ಕೊಡುವುದು ಎಂದೂ ತೀರ್ಮಾನಿಸಿದರು. ಅದಕ್ಕೆ ಐದು ಜನರ ಸಮಿತಿ. ಅಧ್ಯಕ್ಷರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಎರಡನೆಯವರು ಗೊಬ್ಬರದಂಗಡಿಯ ಧಣಿ. ಮೂರನೆಯವರು ಮಾಷ್ಟ್ರು, ತಾಳಮದ್ದಳೆಯಲ್ಲಿ ಅರ್ಥ ಹೇಳುವವರು, ಬಾಯಿಯಲ್ಲೇ ಹದಿನೆಂಟು ಅಕ್ಷೋಹಿಣಿ ಮುಗಿಸಿದವರು. ನಾಲ್ಕನೆಯವ ಮೊಬೈಲಿನಲ್ಲಿ ಹಗಲು ರಾತ್ರಿ ಗುಂಡು ಹೊಡೆಯುವ ಡಿಗ್ರಿ ಹುಡುಗ. ಐದನೆಯವನು ನಾನು. ಎನ್‌ಸಿಸಿಯಲ್ಲಿ ಎರಡು ವರ್ಷ ಇದ್ದೆ, ಪರೇಡ್ ಮುಗಿದ ಮೇಲೆ ಕೊಡುವ ತಿಂಡಿಗಾಗಿ.

ಸಮಿತಿಯಲ್ಲಿ ಸೈನ್ಯದವರು ಒಬ್ಬರೂ ಇಲ್ಲವಲ್ಲ ಎಂದು ಯಾರೋ ಕೇಳಿದರು. ಊರಿನಲ್ಲಿ ಒಬ್ಬರು ಇದ್ದಾರೆ. ಮಿಲಿಟ್ರಿ ಅಣ್ಣ ಎಂದೇ ಎಲ್ಲರೂ ಕರೆಯುವುದು. 17 ವರ್ಷ ಕೆಲಸ ಮಾಡಿ ಹವಾಲ್ದಾರ್ ಆಗಿ ಬಂದವರು. ಅವರನ್ನು ಸಮಿತಿಗೆ ಹಾಕಿದರೆ ಪಕ್ಷಪಾತ ಆಗುತ್ತದೆ ಎಂದು ಮ್ಯಾನೇಜರ್ ಹೇಳಿದರು. ಆದ್ದರಿಂದ ಮುಖ್ಯ ಅತಿಥಿ ಮಾಡಿ ಶಾಲು ಹೊದೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸಿದೆವು. ಅಂಕದ ಹಾಳೆ ಮಾತ್ರ ಕೊಡಲಿಲ್ಲ.

ಸಿನಿಮಾ ಆರಿಸುವುದರಲ್ಲೇ ಅರ್ಧ ಯುದ್ಧ ಆಯಿತು. ‘ಮುತ್ತಿನ ಹಾರ’ ಇರಲಿ ಎಂದು ನಾನು ಹೇಳಿದೆ. 1990ರದ್ದು, ಕೊಡಗಿನ ಸೈನಿಕನ ಕಥೆ, ವಿಷ್ಣುವರ್ಧನ್ ಇದ್ದಾರೆ, ಒಂದಾದರೂ ಕನ್ನಡ ಇರಲಿ ಅಲ್ವಾ? “ಅದರಲ್ಲಿ ಅಳು ಜಾಸ್ತಿ, ಯುದ್ಧ ಕಮ್ಮಿ” ಎಂದು ತಳ್ಳಿಹಾಕಿದರು. “ಮನೆಯಲ್ಲಿ ಕೂತವರಿಗೆ ಯುದ್ಧ ಅಂದ್ರೆ ಅಳುವೇ ಅಲ್ವಾ” ಎಂದು ಮಿಲಿಟ್ರಿ ಅಣ್ಣ ಅಂದದ್ದು ಯಾರ ಕಿವಿಗೂ ಬೀಳಲಿಲ್ಲ. ಮೋಹನ್‌ಲಾಲ್ ಅಭಿಮಾನಿಗಳು ‘ಕೀರ್ತಿಚಕ್ರ’ ಬೇಕೆಂದರು. ಆ ಚಿತ್ರ ಬಂದದ್ದು 2006ರಲ್ಲಿ, ಅದರಲ್ಲಿ ಅವರು ಮೇಜರ್. 2009ರಲ್ಲಿ ಟೆರಿಟೋರಿಯಲ್ ಆರ್ಮಿ ಅವರಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟಿತು. ಹವಾಲ್ದಾರರು ತಲೆ ಅಲ್ಲಾಡಿಸಿ, “ಒಳ್ಳೆಯದೇ, ನನಗೂ ಸಿನಿಮಾದಲ್ಲಿ ಸೇರಬೇಕಿತ್ತು” ಎಂದರು. ಅದನ್ನು ಎಲ್ಲರೂ ತಮಾಷೆ ಎಂದುಕೊಂಡು ನಕ್ಕರು.

ಮೊದಲ ರಾತ್ರಿ ‘ಬಾರ್ಡರ್’. 1997ರದ್ದು, ಪಾಕಿಸ್ತಾನದ ಜೊತೆ ನಡೆದ ಲೋಂಗೆವಾಲಾ ಕಾಳಗದ ಕಥೆ. ಮೂಲ್ಕಿಯ ಸುನಿಲ್ ಶೆಟ್ಟಿ ಬಂದಾಗ ಹಿಂದಿನ ಸಾಲಿನಿಂದ ಬಿದ್ದ ವಿಸಿಲ್ಲಿಗೆ ಗೋಡೆಯ ಹಲ್ಲಿ ಕೆಳಗೆ ಬಿತ್ತು. ಅವರು ವೀರಾವೇಶದಿಂದ ಹೋರಾಡಿ ಸತ್ತಾಗ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. ಸಿನಿಮಾ ಮುಗಿದ ಕೂಡಲೇ ಗೊಬ್ಬರದ ಧಣಿ ಹತ್ತಕ್ಕೆ ಹತ್ತು ಬರೆದೇಬಿಟ್ಟರು.

ಆಗ ಮಿಲಿಟ್ರಿ ಅಣ್ಣ ಎದ್ದು ಸಂಕೋಚದಿಂದ ಎರಡು ಮಾತು ಹೇಳಿದರು. 1971ರ ಡಿಸೆಂಬರ್ 4ರ ರಾತ್ರಿ ಆ ಠಾಣೆಯಲ್ಲಿ ಇದ್ದದ್ದು ಸುಮಾರು 120 ಜನ. ಎದುರಿಗೆ 40ಕ್ಕೂ ಹೆಚ್ಚು ಟ್ಯಾಂಕ್. ಬೆಳಗಾಗುವವರೆಗೆ ಕಚ್ಚಿ ಹಿಡಿದು ಕೂತರು. ನಮ್ಮ ಹಂಟರ್ ವಿಮಾನಗಳಿಗೆ ಕತ್ತಲಲ್ಲಿ ಹೊಡೆಯಲು ಆಗುತ್ತಿರಲಿಲ್ಲ, ಬೆಳಕು ಹರಿದ ಮೇಲೆ ಜೈಸಲ್ಮೇರಿನಿಂದ ಬಂದು ಟ್ಯಾಂಕ್‌ಗಳನ್ನು ಮುಗಿಸಿದವು. ನಮ್ಮ ಕಡೆ ಸತ್ತವರು ಇಬ್ಬರು.

“ಎಷ್ಟು?” ಎಂದು ಧಣಿ ಕೇಳಿದರು.

“ಇಬ್ಬರು.”

“ಇಬ್ಬರೇ ಸತ್ತರೆ ಮೂರು ಗಂಟೆಯ ಸಿನಿಮಾ ಹೇಗೆ ಮಾಡುವುದು ಮಾರಾಯ್ರೇ?”

ಅಷ್ಟಕ್ಕೇ ನಿಲ್ಲಲಿಲ್ಲ. ಸುನಿಲ್ ಶೆಟ್ಟಿ ಮಾಡಿದ ಪಾತ್ರ ನಿಜವಾದ ಒಬ್ಬ ಮನುಷ್ಯರದ್ದು, ಬಿಎಸ್‌ಎಫ್‌ನ ಭೈರೋಂ ಸಿಂಗ್ ರಾಠೋಡ್. ತೆರೆಯ ಮೇಲೆ ಸತ್ತ ಆ ಮನುಷ್ಯ ಲೋಂಗೆವಾಲಾದಿಂದ ಜೀವಂತ ಹಿಂದಿರುಗಿದವರು. ಸಿನಿಮಾ ಬಂದ ಮೇಲೂ 25 ವರ್ಷ ಇದ್ದರು. ತೀರಿಕೊಂಡದ್ದು 2022ರ ಡಿಸೆಂಬರಿನಲ್ಲಿ. ಅಂದರೆ ದೇಶದ ಎಲ್ಲ ಊರುಗಳಲ್ಲೂ ಅವರಿಗಾಗಿ ಜನ ಕಣ್ಣೀರು ಹಾಕುತ್ತಿದ್ದಾಗ ಆ ಮನುಷ್ಯ ರಾಜಸ್ಥಾನದ ತಮ್ಮ ಊರಿನಲ್ಲಿ ಉಂಡುಟ್ಟು ಇದ್ದರು.

ಸಮಿತಿ ಸ್ವಲ್ಪ ಹೊತ್ತು ಗುಸುಗುಸು ಮಾತಾಡಿಕೊಂಡಿತು. ಕೊನೆಗೆ ಮಾಷ್ಟ್ರು ಎದ್ದು ನಿಂತು ತೀರ್ಪು ಕೊಟ್ಟರು. “ವೀರನಾದವನು ಸಾಯಬೇಕಾದ ಜಾಗದಲ್ಲಿ ಸಾಯದಿದ್ದರೆ ಅದು ಅವನ ವೈಯಕ್ತಿಕ ವಿಷಯ. ಸಿನಿಮಾದ ಅಂಕ ಕಡಿಯುವಂತಿಲ್ಲ.” ಹತ್ತಕ್ಕೆ ಹತ್ತು ಹಾಗೇ ಉಳಿಯಿತು.

ಚಾಯದ ಹೊತ್ತಿಗೆ ಮಾತು ಗುಂಡಿನ ಕಡೆ ಹೋಯಿತು. ಎಕೆ-47ರ ಒಂದು ಮ್ಯಾಗಜೀನಿನಲ್ಲಿ 30 ಗುಂಡು, ನಿಮಿಷಕ್ಕೆ 600ರ ವೇಗ, ಕುದುರೆ ಒತ್ತಿ ಹಿಡಿದರೆ ಮೂರು ಸೆಕೆಂಡಿಗೆ ಖಾಲಿ ಎಂದು ಮಿಲಿಟ್ರಿ ಅಣ್ಣ ಹೇಳಿದರು. ಮ್ಯಾನೇಜರಿಗೆ ಲೆಕ್ಕ ಸಿಕ್ಕಿದರೆ ಬಿಡುವವರಲ್ಲ. “ಸಿನಿಮಾದ ಹೀರೋ ಎರಡು ನಿಮಿಷ ನಿಲ್ಲಿಸದೆ ಹೊಡೆಯುತ್ತಾನೆ. ಅಂದರೆ 1200 ಗುಂಡು, 40 ಮ್ಯಾಗಜೀನು. ತೂಕ 30 ಕಿಲೋ ದಾಟುತ್ತದೆ. ಸೊಂಟದಲ್ಲಿ ಒಂದೂ ಕಾಣುವುದಿಲ್ಲ.” ಸ್ವಲ್ಪ ಯೋಚಿಸಿ ತಾನೇ ಉತ್ತರ ಹೇಳಿದರು: “ಓವರ್‌ಡ್ರಾಫ್ಟ್ ಇರಬೇಕು.”

ಗ್ರೆನೇಡಿನ ವಿಷಯದಲ್ಲಂತೂ ಧಣಿಗೆ ನಿಜವಾಗಿಯೂ ಬೇಸರವಾಯಿತು. ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ಬರುವುದು ಹಲ್ಲು ಮಾತ್ರವಂತೆ. ಸಿಡಿದಾಗ ಕೆಂಪು ಬೆಂಕಿಯ ಉಂಡೆಯೂ ಏಳುವುದಿಲ್ಲವಂತೆ. ಒಂದು ಕಪ್ಪು ಹೊಗೆ, ಒಂದಷ್ಟು ಧೂಳು, ಸುತ್ತಲೂ ಹಾರುವ ಕಬ್ಬಿಣದ ಚೂರು, ಅಷ್ಟೇ. “ಹಾಗಾದರೆ ನಮ್ಮ ಜಾತ್ರೆಯ ಗರ್ನಾಲೇ ವಾಸಿ” ಎಂದರು ಧಣಿ. ಸೈನ್ಯಕ್ಕೆ ಗ್ರೆನೇಡ್ ಪೂರೈಸುವವರ ಬಗ್ಗೆ ಅವರಿಗೆ ಆ ಕ್ಷಣದಿಂದ ಸಂಶಯ.

ಎರಡನೆಯ ರಾತ್ರಿ ಸ್ಪೀಲ್‌ಬರ್ಗ್ ಅವರ ‘ಸೇವಿಂಗ್ ಪ್ರೈವೇಟ್ ರಯಾನ್’. 1944ರ ಜೂನ್ 6, ನಾರ್ಮಂಡಿಯ ಒಮಾಹಾ ಕಡಲ ತೀರ. ತೆಗೆದದ್ದು ಐರ್ಲೆಂಡಿನ ಮರಳಿನಲ್ಲಿ, ಆದರೆ 1998ರಲ್ಲಿ ಅದನ್ನು ನೋಡಿದ ಅಮೆರಿಕದ ಹಳೆಯ ಸೈನಿಕರು ಎಷ್ಟು ಕಂಗೆಟ್ಟರೆಂದರೆ, ಅವರ ಸರಕಾರ ಮಾತಾಡಿ ಸಮಾಧಾನ ಮಾಡಲು ಒಂದು ಫೋನ್ ನಂಬರನ್ನೇ ತೆರೆಯಬೇಕಾಯಿತು. ದೋಣಿಯಲ್ಲೇ ವಾಂತಿ. ಬಾಗಿಲು ತೆರೆದ ಕೂಡಲೇ ಮುಂದಿನ ಸಾಲು ಇಡೀ ಖಾಲಿ. ಒಬ್ಬ ತನ್ನ ಕಡಿದುಹೋದ ಕೈಯನ್ನು ಹುಡುಕಿ ಹೆಕ್ಕಿಕೊಂಡು ಹೋಗುತ್ತಾನೆ. ಸುಮಾರು 24 ನಿಮಿಷ ಹೀಗೇ.

ನಮ್ಮಲ್ಲಿ ಏಳನೇ ನಿಮಿಷಕ್ಕೆ ಅರ್ಧ ಜನ ಹೊರಗೆ ಆಮ್ಲೆಟ್ ಗಾಡಿಯ ಹತ್ತಿರ ಇದ್ದರು.

ಅಂಕ ಬಂದದ್ದು ನಾಲ್ಕು. ಹೀರೋ ಯಾರೆಂದು ಗೊತ್ತಾಗುವುದಿಲ್ಲ, ಒಂದು. ಗೊತ್ತಾದ ಮೇಲೂ ಅವನ ಕೈ ನಡುಗುತ್ತದೆ, ಎರಡು. ಕ್ಯಾಪ್ಟನ್ ಆದವನ ಕೈ ನಡುಗಬಾರದು ಎಂದು ಮ್ಯಾನೇಜರು ಖಂಡಿತವಾಗಿ ಹೇಳಿದರು. ಸಾಲದ ಕಾಗದಕ್ಕೆ ಸಹಿ ಹಾಕುವಾಗ ತನ್ನ ಕೈ ಒಮ್ಮೆಯೂ ನಡುಗಿದ್ದಿಲ್ಲವಂತೆ. ಆ ಕೈ ನಡುಗುವ ಜಾಗದಲ್ಲೇ ಮಿಲಿಟ್ರಿ ಅಣ್ಣ ಮುಂದೆ ಬಾಗಿ ಕೂತಿದ್ದನ್ನು ನಾನು ನೋಡಿದ್ದೆ. ಹೇಳಲಿಲ್ಲ. ನನ್ನದೂ ನಾಲ್ಕೇ.

ಇಲ್ಲಿ ಆ ಡಿಗ್ರಿ ಹುಡುಗನ ಬಗ್ಗೆ ಒಂದು ಮಾತು ಹೇಳಬೇಕು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ನಿಜವಾಗಿಯೂ ಗುಂಡು ಹಾರುತ್ತಿದ್ದ ದಿನಗಳಲ್ಲಿ ನಮ್ಮೂರಿಗೆ ಊರೇ ಟಿವಿಯ ಮುಂದೆ. ಸ್ಟುಡಿಯೋದಲ್ಲಿ ಸೈರನ್ ಕೂಗುತ್ತಿತ್ತು. ಕೊನೆಗೆ ಸರಕಾರವೇ, ಸೈರನ್ ಸದ್ದು ಬಳಸಬೇಡಿ ಎಂದು ಚಾನೆಲ್ಲುಗಳಿಗೆ ಹೇಳಬೇಕಾಯಿತು. ಜನರಿಗೆ ಅದು ಅಭ್ಯಾಸವಾಗಿ ನಿಜವಾದ ಸೈರನ್ ಬಂದಾಗ ಏಳದಿದ್ದರೆ ಎಂಬ ಹೆದರಿಕೆ. ಕರಾಚಿ ಬಂದರು ನಾಶವಾಯಿತು ಎಂಬ ಸುದ್ದಿಗೆ ನಮ್ಮ ಹೋಟೆಲಿನಲ್ಲಿ ಎಲ್ಲರಿಗೂ ಒಂದೊಂದು ಬಜೆ ಫ್ರೀ ಸಿಕ್ಕಿತು. ಬಂದರು ಅಲ್ಲೇ ಇದೆ ಎಂದು ಮರುದಿನ ಗೊತ್ತಾಯಿತು. ಬಜೆಯ ದುಡ್ಡು ಯಾರೂ ವಾಪಸು ಕೊಡಲಿಲ್ಲ.

ಆ ರಾತ್ರಿಗಳಲ್ಲೇ ವಾಟ್ಸ್ಆ್ಯಪಿಗೆ ಒಂದು ವಿಡಿಯೋ ಬಂತು. ಆಕಾಶಕ್ಕೆ ಗುಂಡಿನ ಮಳೆ, ವಿಮಾನ ಉರುಳುವುದು. ಎಲ್ಲರೂ ಮೈ ಜುಮ್ಮೆಂದು ನೋಡುತ್ತಿದ್ದಾಗ ಈ ಹುಡುಗ, “ಇದು ಆರ್ಮಾ 3, ಕಂಪ್ಯೂಟರ್ ಗೇಮು” ಎಂದ. ಅವನಿಗೆ ಬಿದ್ದ ಬೈಗುಳ ಅಷ್ಟಿಷ್ಟಲ್ಲ. ಆ ಗೇಮಿನ ದೃಶ್ಯಗಳು ಯುದ್ಧದ ವಿಡಿಯೋ ಎಂದು ಓಡಾಡುತ್ತಿವೆ ಎಂದು ಸರಕಾರದ ಫ್ಯಾಕ್ಟ್ ಚೆಕ್ ವಿಭಾಗವೇ ಹೇಳಿತು. ಆದರೂ ಹುಡುಗನಿಗೆ ದೇಶಭಕ್ತಿ ಕಮ್ಮಿ ಎಂಬ ಹೆಸರು ಹೋಗಲಿಲ್ಲ. ಸಮಿತಿಗೆ ಅವನನ್ನು ಸೇರಿಸಿದ್ದು ಪ್ರಾಯಶ್ಚಿತ್ತಕ್ಕೆ. ಗಡಿಯಲ್ಲಿ ಗುಂಡಿನ ಸದ್ದು ನಿಲ್ಲುವ ಮೊದಲೇ ‘ಆಪರೇಷನ್ ಸಿಂಧೂರ’ ಎಂಬ ಆ ಕಾರ್ಯಾಚರಣೆಯ ಹೆಸರನ್ನು ಸಿನಿಮಾಕ್ಕೆ ಇಡಲು ಅತ್ತ ಮುಂಬೈಯಲ್ಲಿ ನಿರ್ಮಾಪಕರು ಅರ್ಜಿ ಹಿಡಿದು ಸಾಲಾಗಿ ನಿಂತಿದ್ದರು. ಅಂಥ ವೇಗದ ಮುನ್ನಡೆ ಯಾವ ಸೈನ್ಯಕ್ಕೂ ಸಾಧ್ಯವಿಲ್ಲ.

ಮಾಷ್ಟ್ರ ವಾದ ಬೇರೆಯೇ. ಯಕ್ಷಗಾನದ ಕವಿ, ಕುಂಬಳೆಯ ಪಾರ್ತಿಸುಬ್ಬನ ಸೀಮೆಯವರಾದ ನಮಗೆ ಯುದ್ಧ ತೋರಿಸಲು ಇವರೆಲ್ಲ ಯಾರು ಎಂದು ಅವರು ಕೇಳಿದರು. ಅದು ಸರಿಯೇ. ಆಟದಲ್ಲಿ ಅಭಿಮನ್ಯುವಿಗೆ ಯುದ್ಧವೆಂದರೆ ಧಿಗಿಣ, ಗಿರ್ರನೆ ಸುತ್ತಿ ಹಾರುವ ಕುಣಿತ. ಪುಂಡುವೇಷದವನು ನೂರು ಧಿಗಿಣ ಹಾರಿದರೆ ಚಕ್ರವ್ಯೂಹ ಮುರಿದ ಹಾಗೆ, ಕಾಲು ನೋಯ್ದರೆ ಸತ್ತ ಹಾಗೆ. ಬಾಣ ನೆಟ್ಟ ಕರ್ಣ ಮುಕ್ಕಾಲು ಗಂಟೆ ಧರ್ಮ ಮಾತಾಡುತ್ತಾನೆ, ನಡುವೆ ಭಾಗವತರಿಗೆ ನೀರು ಕುಡಿಯಲು ಬಿಡುವೂ ಕೊಡುತ್ತಾನೆ. ರಕ್ತ ಏಕೆ ಬರಲಿಲ್ಲ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಚೌಕಿಗೆ ಹೋಗಿ ಕೇಳಿಲ್ಲ. ‘ನೈಜ ಘಟನೆ ಆಧಾರಿತ’ ಎಂದು ಚೀಟಿಯಲ್ಲಿ ಹಾಕಿಯೂ ಇಲ್ಲ. ಯುದ್ಧಕ್ಕೆಂದೇ ಕೆಳದಿ ನಾಯಕರು ಕಟ್ಟಿಸಿದ ಬೇಕಲ ಕೋಟೆಯನ್ನೇ ತೆಗೆದುಕೊಳ್ಳಿ. ಜನ ಈಗ ಅಲ್ಲಿಗೆ ಹೋಗುವುದು 1995ರ ಸಿನಿಮಾ ಹಾಡೊಂದರಲ್ಲಿ ನಾಯಕ ನಾಯಕಿಗಾಗಿ ಕಾದ ಜಾಗ ನೋಡಲಿಕ್ಕೆ.

ಮೂರನೆಯ ರಾತ್ರಿ ಹುಡುಗನ ಹಠಕ್ಕೆ ಒಂದು ರಷ್ಯನ್ ಸಿನಿಮಾ, ‘ಕಮ್ ಆ್ಯಂಡ್ ಸೀ’. 1985ರದ್ದು, ಎಲೆಮ್ ಕ್ಲಿಮೋವ್ ಮಾಡಿದ್ದು. 1943ರ ಬೆಲಾರೂಸ್. ಕೋವಿ ಸಿಕ್ಕಿತೆಂದು ಖುಷಿಯಿಂದ ಯುದ್ಧಕ್ಕೆ ಹೋದ ಹುಡುಗನ ಮುಖ ಸಿನಿಮಾ ಮುಗಿಯುವಷ್ಟರಲ್ಲಿ ಮುದುಕನದ್ದಾಗುತ್ತದೆ. ಚಿತ್ರೀಕರಣದಲ್ಲಿ ಕೆಲವೆಡೆ ನಿಜವಾದ ಗುಂಡನ್ನೇ ಹಾರಿಸಿದ್ದರು. ಜನರ ಸಮೇತ ಸುಟ್ಟುಹಾಕಿದ ಹಳ್ಳಿಗಳ ಲೆಕ್ಕ ಕೊನೆಯಲ್ಲಿ ಬರುತ್ತದೆ, 628. ಇಷ್ಟೆಲ್ಲ ನಾನು ಆಮೇಲೆ ಮನೆಯಲ್ಲಿ ನೋಡಿ ಬರೆಯುತ್ತಿರುವುದು. ಆ ರಾತ್ರಿ ಅರ್ಧ ಗಂಟೆಯಾಗುವಷ್ಟರಲ್ಲಿ ಮಳೆ ಜೋರಾಗಿ ಕರೆಂಟು ಹೋಯಿತು.

ಕಂಗಿನ ತೋಟದ ನಡುವಿನ ಕ್ಲಬ್ಬು. ಕತ್ತಲೆಂದರೆ ಪಕ್ಕದವರ ಮೂಗು ಕಾಣದ ಕತ್ತಲು. ಕರೆಂಟಿನವರಿಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಸೊಳ್ಳೆ. ಕಾಲಿಗೆ ಉಂಬಳ. ಆಮ್ಲೆಟ್ ಗಾಡಿಯವ ಮಳೆ ನೋಡಿ ಮನೆಗೆ ಹೋಗಿದ್ದ. ಗಂಟೆ ಕಳೆಯಿತು, ಮತ್ತೊಂದು ಗಂಟೆ ಕಳೆಯಿತು.

“ಈಗ ಸ್ವಲ್ಪ ಸರಿಯಾಯಿತು” ಎಂದಿತು ಮುಂದಿನ ಕುರ್ಚಿ.

1999ರ ಕಾರ್ಗಿಲ್ ಯುದ್ಧದಲ್ಲಿ ಮಿಲಿಟ್ರಿ ಅಣ್ಣ ಲಾರಿ ಬಿಡುತ್ತಿದ್ದದ್ದಂತೆ, ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ. ದ್ರಾಸ್ ಹತ್ತಿರ ರಸ್ತೆ ಪೂರ್ತಿ ಮೇಲೆ ಗುಡ್ಡದಲ್ಲಿ ಕೂತ ಶತ್ರುವಿಗೆ ಕಾಣುತ್ತದೆ. ಅದಕ್ಕೇ ರಾತ್ರಿ ಮಾತ್ರ ಓಡಾಟ, ಹೆಡ್‌ಲೈಟ್ ಹಾಕುವಂತಿಲ್ಲ. ಮಿಲಿಟರಿ ಲಾರಿಯ ಹಿಂದಿನ ಚಕ್ರಗಳ ನಡುವಿನ ಕಬ್ಬಿಣದ ಉಂಡೆಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಮುಂದಿನ ಲಾರಿಯ ಆ ಬಿಳಿ ಉಂಡೆಯನ್ನೇ ನೋಡಿಕೊಂಡು ಹೋಗುವುದು. ಒಂದು ಕಡೆ ಪ್ರಪಾತ. ಎಲ್ಲೋ ಶೆಲ್ ಬಿದ್ದರೆ ಆ ಉಂಡೆ ನಿಲ್ಲುತ್ತದೆ, ನೀವೂ ನಿಲ್ಲಬೇಕು. ಎಷ್ಟು ಹೊತ್ತು ಎಂದು ಯಾರೂ ಹೇಳುವುದಿಲ್ಲ.

“ಲಾರಿಯಲ್ಲಿ ಎಂತ ಇತ್ತು, ಬೋಫೋರ್ಸ್ ಗುಂಡಾ?” ಧಣಿಯ ದನಿಯಲ್ಲಿ ಆಸೆ ಇತ್ತು.

“ನನ್ನದರಲ್ಲಿ ಗೋಧಿಹಿಟ್ಟು, ಬಟಾಟೆ, ಸೀಮೆಎಣ್ಣೆ.”

ಸ್ವಾಗತ ಭಾಷಣದಲ್ಲಿ ಇವರನ್ನು ಟೈಗರ್ ಹಿಲ್ಲಿನ ಹುಲಿ ಎಂದಿದ್ದ ಮ್ಯಾನೇಜರು ಗಂಟಲು ಸರಿ ಮಾಡಿಕೊಂಡರು.

“ಹೆದರಿಕೆ ಆಗ್ತಿತ್ತಾ ಅಣ್ಣಾ?” ಹುಡುಗ ಕೇಳಿದ.

“ಉಚ್ಚೆ ಬರ್ತಿತ್ತು. ಇಳಿಯುವ ಹಾಗಿಲ್ಲ.”

ಹಿಂದೆ ಯಾರೋ ನಕ್ಕರು. ಮತ್ತೆ ಮಳೆಯ ಸದ್ದು. ಹತ್ತೂವರೆಗೆ ಮ್ಯಾನೇಜರು ಮೊಬೈಲ್ ಟಾರ್ಚ್ ಹಾಕಿ, ಇನ್ನು ಕರೆಂಟು ಬರುವುದಿಲ್ಲ, ಕಲಾಪ ಮುಗಿಸುವ ಎಂದರು. ಬ್ಯಾಂಕಿನಲ್ಲಿ ಇದ್ದವರಲ್ವಾ, ಯಾವ ಕಾಲಮ್ಮನ್ನೂ ಖಾಲಿ ಬಿಡುವವರಲ್ಲ. ಅಂಕದ ಹಾಳೆಯಲ್ಲಿ ಅವರ ಗುಂಡಗಿನ ಅಕ್ಷರದಲ್ಲಿ ಹೀಗಿದೆ:

ಮೂರನೆಯ ರಾತ್ರಿ. ಚಿತ್ರ ಪೂರ್ತಿಯಾಗದ ಕಾರಣ ಅಂಕವಿಲ್ಲ. ಬದಲಿಗೆ ಅತಿಥಿಗಳ ಅನುಭವ ಕಥನ. ನೈಜತೆ 3. ದೃಶ್ಯ ಇಲ್ಲ, ಸೌಂಡ್ ಕಮ್ಮಿ, ಶತ್ರು ಕೊನೆಯವರೆಗೂ ಬರಲಿಲ್ಲ.

ಕೆಳಗೆ ಐದು ಸಹಿಗಳಿರಬೇಕಿತ್ತು, ನಾಲ್ಕಿವೆ. ಹುಡುಗ ಹಾಕಲಿಲ್ಲ. ನಾನು ಹಾಕಿದೆ.